ಸೆರಗಿನ ಕೆಂಪು ನುಂಗಿದ ಪ್ರಿಂಟರ್ ಮಹಾಶಯರಿಗೆ

ಚಳ್ಳಕೆರೆ
ಆಗಸ್ಟ್ ೨೦೦೬

ಮಾನ್ಯರೇ,

ದಾವಣಗೆರೆಯ ಮುಚ್ಚಿಹೋದ ಸ್ಟುಡಿಯೊ ಒಂದರಿಂದ ಶೇಂಗಾ ಲಾರಿಯಲ್ಲಿ ದಯಮಾಡಿಸಿ, ನಮ್ಮ ನಡುಮನೆಯ ದಿವಾನವನ್ನೇ ಸಿಂಹಾಸನವಾಗಿ ಸ್ವೀಕರಿಸಿ, ಮನೆಮಂದಿಯನ್ನೆಲ್ಲ ಚಾಪೆಗಿಳಿಸಿದ, ಎರಡಡಿ ಅಗಲದ ಬಾಯುಳ್ಳ ಇಂಕ್‌ಜೆಟ್ ಪ್ರಿಂಟರ್ ಮಹಾಶಯರಿಗೆ, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ತಮ್ಮ ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಹಿಡಿದು ಓದಿದ ನಾಗೇಂದ್ರಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಹಸಿರು ದೀಪದಿಂದ ತಿಳಿಯಿತು. ನಾವು ಕ್ಷೇಮವಲ್ಲ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಅಕ್ಕ ಹುಚ್ಚಕ್ಕ, ಉದ್ದಕ್ಕೆ ಹಾಸುನೂಲು ಹಸಿರು, ಅಡ್ಡಕ್ಕೆ ಹೊಕ್ಕುನೂಲು ಕೆಂಪು ಕೊಟ್ಟು, ಈ ಕಡೆಯಿಂದ ನೋಡಿದರೆ ಹಸಿರಾಗಿ, ಆ ಕಡೆಯಿಂದ ನೋಡಿದರೆ ಕೆಂಪಾಗಿ ಹೊಳೆಯುವ ಸೀರೆಯೊಂದನ್ನು ನೇಯ್ದಳು. ಮಗ್ಗದಿಂದ ಇಳಿದ ಸೀರೆ, ನೂಲು ಕೊಟ್ಟು ನೇಯಿಸುವ ಸಾಹುಕಾರರದು. ಸೋಮವಾರ ಅವರು ಬಂದು ಒಯ್ಯುವವರಿದ್ದರು. "ಇಷ್ಟ್ ವರ್ಷ ನೇಯ್ದೆ, ಒಂದಾದ್ರೂ ನನ್ ಕಣ್ಮುಂದೆ ಉಳೀಲಿಲ್ಲ ಕಣೋ. ಇದ್ರ ಸೆರಗನ್ನ ಇದ್ದಂಗೇ ದೊಡ್ಡದಾಗಿ ಫೋಟೊ ತೆಗ್ದು ಕೊಡು, ಗೋಡೆಗ್ ಹಾಕ್ಕೊಂತೀನಿ" ಎಂದು ಅವಳು ಕೇಳಿದಾಗ, ತಮ್ಮ ಬಾಯಿಯ ಅಗಲವನ್ನು ನಂಬಿ ನಾನು ನನ್ನ ಬಾಯಿಯನ್ನೂ ಅಗಲ ಮಾಡಿ ಒಪ್ಪಿಕೊಂಡೆ.

ಇಡೀ ಸೆರಗನ್ನು ಒಂದೇ ಫೋಟೊದಲ್ಲಿ ಹಿಡಿದು ಮೂರಡಿಗೆ ಹಿಗ್ಗಿಸಿ ಕೊಟ್ಟಾಗ, ಅಂಚಿನ ನವಿಲುಗಳನ್ನು ಇಟ್ಟಿಗೆ ಪೇರಿಸಿ ಕಟ್ಟಿದ ತಮ್ಮ ಗಾರೆ ಕೆಲಸದ ಕೌಶಲಕ್ಕೆ ನಾನು ಬೆರಗಾದೆ. ಕ್ಯಾಮೆರಾ ಎರವಲು ಕೊಟ್ಟ ಮೊಬೈಲ್ ರಿಪೇರಿಯ ಶೇಕ್ಷಾವಲಿ ಮಾತ್ರ ತಮ್ಮ ಪಕ್ಷ ವಹಿಸಿದ: "ಫೋಟೊದಾಗೆ ಇರೋದೇ ಒಂದ್ ಹಿಡಿ ಚುಕ್ಕೆ, ಸಾರ್. ಹಿಡಿ ಕಾಳನ್ನ ಎಕ್ರೆಗೆಲ್ಲಾ ಚೆಲ್ಲಿದ್ರೆ ಪೈರು ಎಲ್ಲಿ ಕಾಣ್ತೈತೆ? ತುಂಡು ತುಂಡಾಗಿ ತೆಗೀರಿ, ಕಂಪ್ಯೂಟರ್‌ನಾಗೆ ಹೊಲೀರಿ." ಎಡಕ್ಕೆ ನಿಂತು ಹಸಿರು ತುಂಡುಗಳನ್ನೂ ಬಲಕ್ಕೆ ನಿಂತು ಕೆಂಪು ತುಂಡುಗಳನ್ನೂ ತೆಗೆದೆ, ಓರೆಯಾದದ್ದನ್ನು ನೇರ ಮಾಡಿದೆ, ಹೊಲಿದೆ, ಹೊಲಿದು ಬಳಲಿದೆ, ಬಳಲಿಯೂ ನಲಿದೆ.

ಮೊದಲು ಹಸಿರಿನದನ್ನು ತಮ್ಮ ಬಾಯಿಗಿಟ್ಟೆ. ಕಂಪ್ಯೂಟರ್ ಪರದೆಯ ಮೇಲಿದ್ದ ಗಿಳಿಹಸಿರು ತಮ್ಮ ಹೊಟ್ಟೆ ಹೊಕ್ಕು ಬೆಂದ ಸೊಪ್ಪಿನ ಬಣ್ಣವಾಗಿ ಹೊರಬಂತು. ಪರದೆಯ ಬೆಳಕು ತಗ್ಗಿಸಿದೆ. ಹಾಕಿರುವ ಕಾಗದ ಯಾವುದೆಂದು ತಮಗೆ ವಿನಯದಿಂದ ತಿಳಿಸಿದೆ. ಅಂಗೈಯಗಲದ ಚೂರುಗಳಲ್ಲಿ ಪರೀಕ್ಷೆ ನಡೆಸಿ ಬಟ್ಟೆ ತಂತಿಗೆ ಒಣಹಾಕಿದಾಗ, ಇದು ಯಾವ ಪಕ್ಷದ ಬಾವುಟವೆಂದು ಬೀದಿಯವರು ವಿಚಾರಿಸಿದರು. ಬೆಳಗಾದರೆ ಮೂತಿ ತೊಳೆಯುವ ನೆಪದಲ್ಲಿ ತಾವು ಹೀರಿದ ಶಾಯಿಯಲ್ಲಿ ಒಂದು ಶಾಲೆಯ ಮಕ್ಕಳು ಪರೀಕ್ಷೆ ಬರೆಯಬಹುದಿತ್ತು. ಕುಡಿಯುವುದರಲ್ಲಿ ತಾವು ಬಲು ಶೂರರು, ಕೊಡುವುದರಲ್ಲಿ ಬಲು ದೂರರು. ಆದರೂ ಕೊನೆಗೊಮ್ಮೆ ಕೃಪೆದೋರಿ ಗಿಳಿಹಸಿರನ್ನೇ ಕರುಣಿಸಿದಿರಿ.

ಭಾನುವಾರ ಬಸ್ಸಿಳಿದು ಬಂದ ಹುಚ್ಚಕ್ಕ ಅದರ ಮುಂದೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದಳು, ಬಗ್ಗಿದಳು, ಕತ್ತು ಓರೆ ಮಾಡಿದಳು. "ಲೇ ನಾಗ, ಕೆಂಪೆಲ್ಲೋ? ಅತ್ಲಾಗ್ ಹೋದ್ರೂ ಹಸ್ರು, ಇತ್ಲಾಗ್ ಬಂದ್ರೂ ಹಸ್ರು! ಇದು ನನ್ ಸೆರಗೋ, ಆಸ್ಪತ್ರೆ ಪರದೇನೋ?"

ಆದಕಾರಣ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ನೋಡುವವರು ಸರಿದಂತೆ ಬಣ್ಣವೂ ಸರಿಯುವ ಶಾಯಿಯನ್ನು ತಾವು ಕೂಡಲೇ ಕಲಿತುಕೊಳ್ಳಬೇಕು. ಕಲಿಯಲು ಮೊಳಕಾಲ್ಮೂರಿಗೆ ಹೋಗುವುದಾದರೆ ಬಸ್ಸಿನಲ್ಲಿ ಟವೆಲ್ ಹಾಕಿ ಕಿಟಕಿ ಸೀಟು ಹಿಡಿದುಕೊಡುತ್ತೇನೆ, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ಬನ್ನಿ. ಈ ಬಿನ್ನಹವನ್ನು ಆ ಭಾನುವಾರವೇ ಬಾಯಿಮಾತಿನಲ್ಲಿ ಅರಿಕೆ ಮಾಡಿಕೊಂಡಾಗ ತಾವು ಕಾಗದ ಕಚ್ಚಿಕೊಂಡು ಕೆಂಪು ದೀಪ ಮಿಣುಕಿಸಿದಿರಿ. ಸ್ವಾಮಿ, ನಾವು ಕೆಂಪು ಕೇಳಿದ್ದು ಸೆರಗಿಗೆ.

ಆಗ ಎದ್ದವಳು ನನ್ನ ಹೆಂಡತಿ ಜ್ಯೋತಿಲಕ್ಷ್ಮಿ. "ಬಳೆ ಅಂಗ್ಡೀಲಿ ಮಡಿಕೆ ಮಡಿಕೆ ಪಟ ಐತಲ್ರೀ, ಎಡಕ್ಕೊಬ್ಬ ದೇವ್ರು, ಬಲಕ್ಕೊಬ್ಬ ದೇವ್ರು ಕಾಣ್ತಾರೆ. ಕೆಂಪುದ್ದೂ ಒಂದು ಪ್ರಿಂಟ್ ತೆಗೀರಿ" ಎಂದಳು. ತೆಗೆದೆ. ಎರಡು ಚಿತ್ರಗಳನ್ನೂ ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಹಸಿರಿನ ಪಕ್ಕ ಕೆಂಪು, ಕೆಂಪಿನ ಪಕ್ಕ ಹಸಿರು ಅಂಟಿಸಿ, ಬೀಸಣಿಗೆಯಂತೆ ಮಡಿಕೆ ಹಾಕಿ ನಿಲ್ಲಿಸಿದಳು. ಹುಚ್ಚಕ್ಕ ಅತ್ತ ಹೋದಳು, ಹಸಿರು. ಇತ್ತ ಬಂದಳು, ಕೆಂಪು. ಕಡೇ ಬಸ್ಸಿನ ಹೊತ್ತಾಗುವವರೆಗೂ ಹಾಗೇ ಅತ್ತಿತ್ತ ನಡೆದು, ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಊರಿಗೆ ಹೊರಟಳು.

ಸೋಮವಾರ ಸೀರೆ ಮಡಚಿಕೊಂಡು ಹೊರಟ ಸಾಹುಕಾರರು ಅವಳ ಗೋಡೆಯ ಮೇಲಿನ ಮಡಿಕೆ ಪಟ ನೋಡಿ ನಿಂತು, ಇದೂ ಅಂಗಡಿಗೆ ಬೇಕು ಎಂದರಂತೆ. "ಸೀರೆ ನಿಮ್ದು ಸಾವ್ಕಾರ್ರೆ, ತಗೊಂಡ್ ಹೋಗ್ರಿ. ಇದು ನಂದು" ಎಂದು ಅವಳು ಅವರ ಚಪ್ಪಲಿಯನ್ನು ಕಾಲಿನತ್ತ ಸರಿಸಿಕೊಟ್ಟಳಂತೆ.

ಶಾಯಿಯಲ್ಲೂ ಸಹನೆಯಲ್ಲೂ ಬರಿದಾದ,
ತಮ್ಮ ವಿಶ್ವಾಸಿ,
ನಾಗೇಂದ್ರಪ್ಪ

ವಿ.ಸೂ.: ಈ ಕೀರ್ತಿಯಲ್ಲಿ ತಮಗೂ ಪಾಲುಂಟೆಂದು ನಾನು ವಾದಿಸಿದೆ. ಜ್ಯೋತಿಲಕ್ಷ್ಮಿ ಒಪ್ಪದೆ, ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿದ್ದಾಳೆ; ಇಸ್ತ್ರಿ ಮಾಡಿದ ಬಟ್ಟೆ ಜೋಡಿಸಿಡಲು ತಮ್ಮ ಬೆನ್ನಷ್ಟು ಸಪಾಟಾದ ಜಾಗ ಮನೆಯಲ್ಲಿ ಬೇರೊಂದಿಲ್ಲವೆಂಬ ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿದೆ.