ಹಾಲೇಶಪ್ಪನ ಕಾರು ಚಾಲೂ ಆದ ದಿನ

ಬೆಳಿಗ್ಗೆ ಎಂಟು ಗಂಟೆಗೆ ಹಾಲೇಶಪ್ಪನ ಬೆರಳಿನಿಂದ ಒಂದು ನಟ್ಟು ಜಾರಿತು. ಬಾಡಿಗೆಗೆ ತಂದ ಬ್ಯಾಟರಿಯ ತಂತಿ ಬಿಗಿಯುವ ನಟ್ಟು, ಕಡಲೆಕಾಳಿಗಿಂತ ಚೂರು ದೊಡ್ಡದು. ಎಂಜಿನ್ನಿನ ಮೇಲೆ ಟಣ್ ಅಂದಿತು, ಒಳಗೆಲ್ಲೋ ಟಿಣ್ ಅಂದಿತು, ಆಮೇಲೆ ಸುಮ್ಮನಾಯಿತು. ಬಗ್ಗಿ ನೋಡಿದರೆ ನೆಲದ ಮೇಲಿಲ್ಲ. ಮೇಲಿಂದ ನೋಡಿದರೆ ಕಾಣುತ್ತಿಲ್ಲ. ನಾಲ್ಕು ವರ್ಷದಿಂದ ಒಂದು ಹನಿ ಪೆಟ್ರೋಲೂ ಕುಡಿಯದಿದ್ದ ಕಾರು ಮೊದಲ ತುತ್ತಾಗಿ ಆ ನಟ್ಟನ್ನು ನುಂಗಿ ಕೂತಿತ್ತು.

ಹಾಲೇಶಪ್ಪನದು ಕೂಡ್ಲಿಗಿಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೊದಲೆಲ್ಲ ಮದುವೆ ಫೋಟೋ, ದೇವರ ಫೋಟೋ ಬರುತ್ತಿದ್ದವು. ಈಗ ಮದುವೆಗಳೆಲ್ಲ ಫೋನಿನಲ್ಲೇ ಇರುತ್ತವೆ. ಕಟ್ಟಿನೊಳಗೆ ಬರುವವರು ಸತ್ತವರು ಮಾತ್ರ. ವರ್ಷಗಟ್ಟಲೆ ಅವರ ಮುಖವನ್ನೇ ನೋಡಿ ನೋಡಿ ಹಾಲೇಶಪ್ಪನ ಮುಖವೂ ಗಾಜಿನ ಹಿಂದೆ ಇಟ್ಟಂತಾಗಿತ್ತು.

ಜೀವನದಲ್ಲಿ ಒಂದಾದರೂ ಸುಖ ಇರಲಿ ಅಂತ ಆರು ವರ್ಷದ ಹಿಂದೆ ಕೊಟ್ಟೂರಿನ ವಯಸ್ಸಾದ ಡಾಕ್ಟರೊಬ್ಬರ ಹತ್ತಿರ ಈ ಬಿಳಿ ಕಾರು ಕೊಂಡಿದ್ದ. ಅದು ಅವನನ್ನು ಮೂರು ಸಲ ಹರಪನಹಳ್ಳಿಗೆ ಕರೆದುಕೊಂಡು ಹೋಗಿ ಎರಡು ಸಲ ವಾಪಸ್ ಕರೆತಂದಿತ್ತು. ಮೂರನೇ ಸಲ ಎಳೆಸಿಕೊಂಡು ಬಂದು ಮನೆ ಬಾಗಿಲಿಗೆ ಅಡ್ಡ ನಿಂತದ್ದು ಆಮೇಲೆ ಅಲ್ಲಾಡಿರಲಿಲ್ಲ. ಗುಜರಿಗೆ ಹಾಕಲು ಮೊದಲು ಅವನಿಗೆ ಮನಸ್ಸು ಬರಲಿಲ್ಲ. ಮನಸ್ಸು ಬಂದಾಗ ಗುಜರಿಯವನು ಬರಲಿಲ್ಲ.

ಹೆಂಡತಿ ಬಸಲಿಂಗಮ್ಮನಿಗೆ ಮೊಣಕಾಲು ನೋವು. ಕಾರಿಗೂ ಗೋಡೆಗೂ ನಡುವೆ ಉಳಿದಿದ್ದ ಒಂದೂವರೆ ಗೇಣಿನ ಸಂದಿಯಲ್ಲಿ ಅಡ್ಡಡ್ಡ ನಡೆದು ಒಳಗೆ ಹೊರಗೆ ಮಾಡುತ್ತಿದ್ದಳು. ಹೋದ ವಾರ ನೀರಿನ ಕೊಡ ಹಿಡಿದು ಬರುವಾಗ ಅಲ್ಲೇ ಬಿದ್ದಳು. ಜಗಳ ಮಾಡಲಿಲ್ಲ, ಅದೇ ಹಾಲೇಶಪ್ಪನಿಗೆ ಹೆದರಿಕೆ ಹುಟ್ಟಿಸಿತು. ಮಲಗಿದಲ್ಲಿಂದಲೇ ಅಂದಳು, "ಭಾನುವಾರದೊಳಗ ಅದು ಹೋಗ್ಬೇಕು. ಇಲ್ಲಾಂದ್ರ ನಾನು ಮಾಗಳಕ್ಕ ತಂಗಿ ಮನಿಗೆ ಹೋಗ್ತೀನಿ. ತಿರುಗಿ ಯಾವಾಗ ಬರ್ತೀನಿ ಅಂತ ಕೇಳಬ್ಯಾಡ್ರಿ."

ಇವತ್ತು ಭಾನುವಾರ. ದೇವರು ಕಣ್ಣು ಬಿಟ್ಟ ಹಾಗೆ ನಿನ್ನೆ ಸಂಜೆ ಗುಡೇಕೋಟೆಯಿಂದ ಮಂಜಮ್ಮ ಎಂಬ ಹೆಣ್ಣುಮಗಳು ಫೋನ್ ಮಾಡಿದ್ದಳು. "ನಿಮ್ಮ ಗಾಡಿ ಸುದ್ದಿ ಕೇಳೀನ್ರಿ ಅಣ್ಣಾರ. ನಾಳಿ ನಾಕಕ್ಕ ಬಂದು ನೋಡ್ತೀನಿ. ಪಸಂದಾದ್ರ ನಾಳೇನ ಒಯ್ತೀನಿ." ಇಷ್ಟೇ ಮಾತು. ಕಾರು ನೋಡಲು ಬಂದವರು ಮೊದಲು ಚಾಲೂ ಮಾಡಿ ಅನ್ನುತ್ತಾರೆ ಎಂಬುದು ಹಾಲೇಶಪ್ಪನಿಗೂ ಗೊತ್ತಿತ್ತು. ನಟ್ಟು ಹೋದ ಕೂಡಲೇ ಮೆಕ್ಯಾನಿಕ್ ಗವಿಸಿದ್ದೇಶನಿಗೆ ಫೋನ್ ಮಾಡಿದ. "ಹತ್ತೇ ನಿಮಿಷ, ಹೊಂಟೀನ್ರಿ" ಅಂದ ಗವಿಸಿದ್ದೇಶ ಹನ್ನೊಂದರ ತನಕ ನಾಲ್ಕು ಸಲ ಹೊರಟ. ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡಬೀರಪ್ಪ ಬಂದ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದು ರಿಟೈರಾದವನು. ಒಂದು ದಿನವೂ ಸ್ಟೇರಿಂಗ್ ಮುಟ್ಟಿದವನಲ್ಲ. ಆದರೆ ಅಷ್ಟು ವರ್ಷ ಎಂಜಿನ್ನಿನ ಸದ್ದು ಕೇಳಿದ್ದೇನು ಕಡಿಮೆ ವಿದ್ಯೆಯೇ ಅಂತ ಅವನ ಅಭಿಪ್ರಾಯ.

"ಕೈ ಹಾಕಿ ತಗಿ ಹಾಲೇಶಿ. ನಟ್ಟು ಎಲ್ಲಿಗೆ ಹೋಕ್ಕತಿ, ಒಳಗ ಐತಿ."

ಹಾಲೇಶಪ್ಪ ಕೈ ಹಾಕಿದ. ಕೈ ಹೋಯಿತು, ವಾಪಸ್ ಬರಲಿಲ್ಲ. ಮೊಣಕೈ ತನಕ ಎರಡು ಕಬ್ಬಿಣದ ಪೈಪುಗಳ ನಡುವೆ ಸಿಕ್ಕಿ, ಬೋನಿಗೆ ಬಿದ್ದ ಹೆಗ್ಗಣದ ಹಾಗೆ ಬಾನೆಟ್ಟಿನ ಕೆಳಗೆ ತಲೆ ಹಾಕಿ ನಿಂತ.

ಆಗ ಎದುರುಮನೆಯ ಪಾಲಮ್ಮ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಬಂದಳು. ನಾಲ್ಕು ಬೇಸಿಗೆಯಿಂದ ಆಕೆ ಸಂಡಿಗೆ ಒಣಗಿಸುತ್ತಿದ್ದುದು ಈ ಬಾನೆಟ್ಟಿನ ಮೇಲೆಯೇ. "ಯಣ್ಣಾ, ಇದನ್ಯಾಕ ಎತ್ತೀಯಪ? ಹಿಟ್ಟು ಕಲಸಿ ಆಗೇತಿ. ಇಷ್ಟೊತ್ತಿಗೆ ತಗಡು ಚಲೋ ಕಾದಿರ್ತಿತ್ತು."

"ಕೈ ಸಿಕ್ಕೊಂಡೈತಮ್ಮ."

"ಹಂಗಾದ್ರ ಇನ್ನ ಎಷ್ಟೊತ್ತು ಆಗ್ತೈತಿ?"

ಬಸಲಿಂಗಮ್ಮ ಶೇಂಗಾ ಎಣ್ಣೆಯ ಬಟ್ಟಲು ತಂದು, ಗಂಡನ ತೋಳಿನ ಮೇಲೆ ಸುರಿದು ಒಳಗೆ ಹೋದಳು. ಒಳಗಿನಿಂದ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆ ಸದ್ದಿಗೋ ಎಣ್ಣೆಗೋ ಕೈ ಹೊರಗೆ ಬಂತು. ನಟ್ಟು ಬರಲಿಲ್ಲ.

ದೊಡ್ಡಬೀರಪ್ಪ ಟ್ಯಾಂಕಿಗೆ ಐದು ಲೀಟರ್ ಪೆಟ್ರೋಲ್ ಸುರಿಸಿ, ನಟ್ಟಿಗೆ ಬದಲಾಗಿ ತಂತಿ ಸುತ್ತಿ ಬ್ಯಾಟರಿ ಜೋಡಿಸಿದ. ಜೋಡಿಸಿದ ಕೂಡಲೇ ಹಾರನ್ ಹೊಡೆಯತೊಡಗಿತು. ಕರು ಕಳಕೊಂಡ ಎಮ್ಮೆಯ ಹಾಗೆ ಒಂದೇ ಸಮನೆ ಒದರಿತು. ಯಾರು ಏನು ಮುಟ್ಟಿದರೂ ನಿಲ್ಲಲಿಲ್ಲ. ಓಣಿಯ ಜನವೆಲ್ಲ ಹೊರಗೆ ಬಂದು ನಿಂತ ಮೇಲೆ ತಾನೇ ದಣಿದು ನಿಂತಿತು.

ಆ ಜನದ ನಡುವೆ ಗುರುಸಂಗಪ್ಪನೂ ಇದ್ದ. ಕೆಳಗಿನ ಓಣಿಯವನು. ಹನ್ನೊಂದು ದಿನದ ಹಿಂದೆ ಅವನ ತಂದೆ ತೀರಿಕೊಂಡಿದ್ದರು. ಹಿಂದೆ ಹೆಗಲಿಗೆ ಟವೆಲ್ಲು ಹಾಕಿದ ಐದಾರು ಜನ ನೆಂಟರು.

"ಅಣ್ಣಾರ, ಇವತ್ತು ಅಪ್ಪನ ಶಿವಗಣಾರಾಧನಿ. ಫೋಟೋ ಹತ್ತಕ್ಕ ಕೊಡ್ತೀನಂದಿದ್ರಿ. ಸ್ವಾಮ್ಗಳು ಬಂದು ಕುಂತಾರ."

ಹಾಲೇಶಪ್ಪನಿಗೆ ನಾಚಿಕೆಯಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಅವನು ಸತ್ತವರನ್ನು ಕಾಯಿಸಿದವನಲ್ಲ. ಎಣ್ಣೆಗೈಯಲ್ಲೇ ಓಡಿ ಗಾಜು ಕೂರಿಸಿ, ಮೊಳೆ ಬಡಿದು ತಂದ. ಮುದುಕರ ಹಣೆಯ ಮೇಲೆ, ವಿಭೂತಿಯ ಕೆಳಗೆ, ಕಪ್ಪು ಹೆಬ್ಬೆಟ್ಟೊಂದು ಮೂಡಿತ್ತು. ಒರೆಸಿದಷ್ಟೂ ಅದು ಅಗಲವಾಯಿತು.

"ಬಂದೋರು ಬಂದೀರಿ," ಅಂದ ದೊಡ್ಡಬೀರಪ್ಪ, ನೆಂಟರ ತೋಳುಗಳನ್ನು ಅಳೆಯುತ್ತ, "ಒಂದೀಟು ದಬ್ಬಿ ಹೋಗ್ರಿ. ಇಳಿಜಾರು ಐತಿ, ಚಾಲೂ ಆಕ್ಕತಿ."

ಸಾವಿನ ಮನೆಯವರು ಇಲ್ಲ ಅನ್ನಲಿಲ್ಲ. ಫೋಟೋ ಹಾಳಾಗಬಾರದೆಂದು ಗುರುಸಂಗಪ್ಪನೇ ಅದನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಇಟ್ಟ. ಹಾಲೇಶಪ್ಪ ಸ್ಟೇರಿಂಗ್ ಹಿಡಿದ. ಆರು ಜನ ದಬ್ಬಿದರು. ಕಾರು ಮೊದಲು ನರಳಿತು, ಆಮೇಲೆ ಎರಡು ಸಲ ಬಿಕ್ಕಿತು, ಹಸಿ ಕಟ್ಟಿಗೆ ಹಚ್ಚಿದ ಒಲೆಯಷ್ಟು ಹೊಗೆ ಬಿಟ್ಟು ಚಾಲೂ ಆಯಿತು.

ನಾಲ್ಕು ವರ್ಷದ ಮೇಲೆ ಆ ಸದ್ದು ಕೇಳಿ ಹಾಲೇಶಪ್ಪನ ಕಣ್ಣು ಒದ್ದೆಯಾದವು. ಸಂತೋಷ ತಿರುವಿನ ತನಕ ಉಳಿಯಿತು. ಅಲ್ಲಿ ಬ್ರೇಕ್ ಒತ್ತಿದ. ಕಾಲು ನೆಲಕ್ಕೆ ಮುಟ್ಟಿತು, ಕಾರು ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದ. ಅದು ಕಿತ್ತು ಕೈಗೆ ಬಂತು.

ಕೆಳಗಿನ ಓಣಿಯಲ್ಲಿ ಗುರುಸಂಗಪ್ಪನ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಊಟಕ್ಕೆ ಬಂದ ಜನ ಫೋಟೋದ ದಾರಿ ಕಾಯುತ್ತ ಕುರ್ಚಿಯಲ್ಲಿ ಕೂತಿದ್ದರು. ಅವರ ಎದುರಿಗೇ ಬಿಳಿ ಕಾರು ಹಾದುಹೋಯಿತು. ಹಿಂದಿನ ಕಿಟಕಿಯಲ್ಲಿ ಮುದುಕರು ಗಂಭೀರವಾಗಿ ಹೊರಗೆ ನೋಡುತ್ತಿದ್ದರು. ಕೆಲವರು ಎದ್ದು ನಿಂತರು. ಒಬ್ಬ ಮುದುಕಿ ಕೈ ಮುಗಿದಳು. ಕಾರಿನ ಹಿಂದೆ ಅವರದೇ ಮಗ, ಅಳಿಯಂದಿರು ಟವೆಲ್ಲು ಬೀಸುತ್ತ ಓಡಿ ಹೋದರು.

ಹಳ್ಳದ ದಂಡೆಯ ಜಾಲಿ ಪೊದೆ ಕಾರನ್ನು ಹಿಡಿದು ನಿಲ್ಲಿಸಿತು. ಹಾಲೇಶಪ್ಪ ಹೆದರಿ ಕ್ಲಚ್ ಒತ್ತಿಯೇ ಹಿಡಿದಿದ್ದರಿಂದ ಎಂಜಿನ್ ನಿಂತಿರಲಿಲ್ಲ. ಫೋಟೋದ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

"ಬ್ಯಾರೆ ಗಾಜು ಹಾಕಿ ಕೊಡ್ತೀನಿ," ಅಂದ ಹಾಲೇಶಪ್ಪ.

ಗುರುಸಂಗಪ್ಪ ಫೋಟೋ ಎದೆಗೆ ಒತ್ತಿಕೊಂಡು ನಿಂತಿದ್ದ. "ನಾಳಿ ಹಾಕಿಸ್ತೀನ್ರಿ. ಅಪ್ಪಗ ಕಾರಿನ್ಯಾಗ ಕುಂದ್ರೋ ಆಸಿ ಭಾಳ ಇತ್ತು. ನಾನು ಕುಂದ್ರಿಸ್ಲೇ ಇಲ್ಲ." ಅಷ್ಟು ಹೇಳಿ ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಹಾಲೇಶಪ್ಪನಿಗೆ.

ಪೊದೆಯಿಂದ ಕಾರು ಎಳೆಸಿ, ಮೊದಲ ಗೇರಿನಲ್ಲಿ ಮನೆ ಮುಟ್ಟುವಾಗ ಮೂರು ಗಂಟೆ. ದೊಡ್ಡಬೀರಪ್ಪ ಎರಡು ಕೈಯಲ್ಲಿ ಒಂದು ದಪ್ಪ ಕಲ್ಲು ಹಿಡಿದು ಪಕ್ಕದಲ್ಲೇ ನಡೆದು ಬಂದ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಗಾಲಿಯ ಕೆಳಗೆ ಹಾಕುವನು. ಅವನೇ ಬ್ರೇಕು. ಓಣಿಯ ನಡುವೆ ನಿಲ್ಲಿಸಿದ ಮೇಲೆ ಹಾಲೇಶಪ್ಪ ಕೆಳಗಿಳಿಯಲಿಲ್ಲ. ನಿಂತರೆ ಮತ್ತೆ ಚಾಲೂ ಆಗುತ್ತದೋ ಇಲ್ಲವೋ. ಊಟ ಮಾಡದೆ, ನೀರು ಕುಡಿಯದೆ, ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಒಂದು ಗಂಟೆ ಕೂತ.

ನಾಲ್ಕಕ್ಕೆ ಸರಿಯಾಗಿ ಮಂಜಮ್ಮ ಆಟೋದಿಂದ ಇಳಿದಳು. ಐವತ್ತೈದು ದಾಟಿದ, ಹತ್ತಿ ಸೀರೆಯ ಹೆಣ್ಣುಮಗಳು. ಕೈಚೀಲದಿಂದ ದಪ್ಪ ಹಗ್ಗವೊಂದರ ತುದಿ ಹೊರಗೆ ಇಣುಕುತ್ತಿತ್ತು. ಎಂಜಿನ್ನಿನ ಸದ್ದು ಕೇಳಿ ಇದ್ದಲ್ಲೇ ನಿಂತಳು.

"ಇದು ಬ್ಯಾರೆ ಗಾಡಿ ಏನ್ರಿ?"

"ಇದ ರೀ ಅಕ್ಕಾರ. ನೋಡ್ರಿ, ಹ್ಯಾಂಗ ಓಡ್ತೈತಿ." ಹಾಲೇಶಪ್ಪ ಆಕ್ಸಿಲರೇಟರ್ ಒತ್ತಿ ತೋರಿಸಿದ. ಕಾರು ಗುಡುಗಿತು.

ಮಂಜಮ್ಮನ ಮುಖ ಇಳಿಯಿತು. ಚೀಲವನ್ನು ನೆಲಕ್ಕಿಟ್ಟು ಕಟ್ಟೆಯ ಮೇಲೆ ಕೂತಳು. "ಅಣ್ಣಾರ, ನಂಗ ಓಡೋ ಗಾಡಿ ಬ್ಯಾಡಾಗಿತ್ರಿ. ಇದು ಓಡಂಗಿಲ್ಲ, ಕೂಡ್ಲಿಗ್ಯಾಗ ಯಾವ ಮಿಸ್ತ್ರಿಗೂ ಬಗ್ಗಿಲ್ಲ ಅಂತ ಕೇಳಿ ಬಂದಿದ್ದೆ. ಟ್ರ್ಯಾಕ್ಟರಿಗೆ ಕಟ್ಟಿ ಎಳಸ್ಕೊಂಡು ಹೋಗಾಕ ಹಗ್ಗ ತಂದೀನಿ."

ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು ಹಾಲೇಶಪ್ಪನಿಗೆ. ಮಂಜಮ್ಮ ನಿಧಾನಕ್ಕೆ ಹೇಳಿದಳು.

"ನಮ್ಮ ಮನಿಯವ್ರು ಹುಲುಗಪ್ಪ ಅಂತ. ಮೂವತ್ತು ವರ್ಷ ಇಂಥಾದ್ದ ಗಾಡಿ ಓಡ್ಸ್ಯಾರ. ಸಕ್ಕರಿ ಕಾಯ್ಲಿ ಬಂದು ಕಣ್ಣು ಹೋದ್ವು. ಎದುರಿಗೆ ನಿಂತೋರು ನೆರಳಿನಂಗ ಕಾಣ್ತಾರ, ಅಷ್ಟ. ಹೋದ ತಿಂಗಳು ನಾನಿಲ್ಲದಾಗ ಮೈದುನನ ಟ್ರ್ಯಾಕ್ಟರ್ ಹತ್ತಿ ಕರೆಂಟ್ ಕಂಬಕ್ಕ ಹೊಡದ್ರು. ಅವತ್ತಿಂದ ಕೀಲಿ ಎಲ್ಲಾ ಬಚ್ಚಿಟ್ಟೀವಿ. ಈಗ ಮಾತಾಡಂಗಿಲ್ಲ, ಉಣ್ಣಂಗಿಲ್ಲ. ಕುರ್ಚಿ ಮ್ಯಾಲ ಕುಂತಲ್ಲೇ ಕಾಲು ಒತ್ತತಾರ. ಕ್ಲಚ್ಚು, ಬ್ರೇಕು, ಕ್ಲಚ್ಚು. ನೋಡಾಕ ಆಗಂಗಿಲ್ಲ. ಅದಕ್ಕ ಓಡದಿರೋ ಗಾಡಿ ಒಂದು ಅಂಗಳದಾಗ ಇದ್ರ, ಸ್ಟೇರಿಂಗ್ ಹಿಡಕೊಂಡು ಕುಂದ್ರತಾರ ಅಂತ ಮಾಡಿದ್ದೆ."

ಎಂಜಿನ್ ಸದ್ದು ಮಾಡುತ್ತಲೇ ಇತ್ತು. ಪಾಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇದು ಇವತ್ತು ಒಂದಿನ ಓಡೇತಿ ಅಕ್ಕಾರ," ಅಂದ ಹಾಲೇಶಪ್ಪ. "ನಾಳಿ ಓಡಂಗಿಲ್ಲ. ನಾನು ಗ್ಯಾರಂಟಿ ಕೊಡ್ತೀನಿ."

"ನೀವು ಫೋಟೋಕ ಕಟ್ಟು ಹಾಕೋರು. ನೀವ ಒಂದು ದಿನದಾಗ ಚಾಲೂ ಮಾಡೀರಿ. ಅವ್ರಿಗೆ ಎಷ್ಟೊತ್ತಿನ ಕೆಲಸ? ಕಣ್ಣು ಹೋಗ್ಯಾವ, ಕೈಗೆ ಎಲ್ಲಾ ಗೊತ್ತೈತಿ."

"ಎಂಜಿನ್ ಬಿಚ್ಚಿ ತಗದು ಕೊಡ್ಲೇನ್ರಿ?"

ಮಂಜಮ್ಮ ಅವನನ್ನು ಕನಿಕರದಿಂದ ನೋಡಿದಳು. "ಬಾನೆಟ್ ಎತ್ತಿ ಕೈಯಾಡ್ಸ್ತಾರ ರೀ. ಒಳಗ ಖಾಲಿ ಇದ್ರ ಅವ್ರಿಗೆ ಏನನಸ್ಬೇಕು?"

ಬಸಲಿಂಗಮ್ಮ ಒಳಗಿನಿಂದ ಚಹಾ ತಂದು ಕೊಟ್ಟಳು. ಮಂಜಮ್ಮ ಕುಡಿದು, ಹಗ್ಗವನ್ನು ಚೀಲದೊಳಗೆ ಸರಿಯಾಗಿ ತುರುಕಿ, ಆಟೋ ಹತ್ತಿ ಹೋದಳು.

ಆಟೋ ತಿರುವು ದಾಟಿ ಎರಡು ನಿಮಿಷವಾಗಿರಲಿಲ್ಲ. ಕಾರು ಒಮ್ಮೆ ಮೈ ಕೊಡವಿತು, ಒಳಗೆ ಏನೋ ಮುರಿದ ಸದ್ದಾಯಿತು, ನಿಂತಿತು. ಹಾಲೇಶಪ್ಪ ಕೀಲಿ ತಿರುಗಿಸಿದ. ಉಸಿರಿಲ್ಲ. ದೊಡ್ಡಬೀರಪ್ಪ ಕಲ್ಲು ತೆಗೆದು ನಾಲ್ಕು ಜನರನ್ನು ಸೇರಿಸಿ ದಬ್ಬಿಸಿದ. ಗಾಲಿ ತಿರುಗಿತು, ಎಂಜಿನ್ ಕೊರಡಿನ ಹಾಗಿತ್ತು. ದೊಡ್ಡಬೀರಪ್ಪ ಕಿವಿಗೊಟ್ಟು ಕೇಳಿ, "ಸತ್ತೈತಿ ಹಾಲೇಶಿ. ಇನ್ನ ಯಾರೂ ಎಬ್ಬಿಸಾಕ ಆಗಂಗಿಲ್ಲ" ಅಂದ.

ಬೆಳಗಿನಿಂದ ಮೊದಲ ಸಲ ಹಾಲೇಶಪ್ಪ ನಕ್ಕ. ಮಂಜಮ್ಮನಿಗೆ ಫೋನ್ ಹಚ್ಚಿದ.

"ಅಕ್ಕಾರ, ತಿರುಗಿ ಬರ್ರಿ. ಗಾಡಿ ನಿಂತೈತಿ. ಪೂರಾ ಸತ್ತೈತಿ. ದೇವರಾಣಿ ಓಡಂಗಿಲ್ಲ."

ಆ ಕಡೆ ಬಸ್ ಸ್ಟ್ಯಾಂಡಿನ ಗದ್ದಲ. ಮಂಜಮ್ಮ ಮೆಲ್ಲಗೆ ಅಂದಳು, "ಅಣ್ಣಾರ, ನನ್ನ ಕಣ್ಣಾರೆ ನೋಡೀನ್ರಿ ಓಡಿದ್ದು. ಕೆಟ್ಟ ಗಾಡೀನ ಚಲೋ ಐತಿ ಅಂತ ಸುಳ್ಳು ಹೇಳೋರನ್ನ ಭಾಳ ಮಂದಿ ನೋಡೀನಿ. ಚಲೋ ಗಾಡೀನ ಕೆಟ್ಟೈತಿ ಅನ್ನೋರನ್ನ ಇವತ್ತ ನೋಡಿದ್ದು. ಒಬ್ಬ ಕುರುಡನ ಜೀವ ಐತ್ರಿ ಇದರಾಗ. ಹಂಗ ಮಾಡಬ್ಯಾಡ್ರಿ." ಫೋನ್ ಇಟ್ಟಳು. ಮತ್ತೆ ಮಾಡಿದಾಗ ಎತ್ತಲಿಲ್ಲ.

ಓಣಿಗೆ ಅಡ್ಡವಾಯಿತೆಂದು ಜನ ಕಾರನ್ನು ಮತ್ತೆ ಮನೆ ಬಾಗಿಲಿಗೆ ಅಡ್ಡ ದಬ್ಬಿ ನಿಲ್ಲಿಸಿದರು. ಐದು ಗಂಟೆಗೆ ಬಸಲಿಂಗಮ್ಮ ಬ್ಯಾಗು ಹಿಡಿದು ಹೊರಗೆ ಬಂದಳು. ಹಾಲೇಶಪ್ಪ ಆಕೆಯ ಕೈಯಿಂದ ಬ್ಯಾಗು ತೆಗೆದುಕೊಂಡ. ಇಬ್ಬರೂ ಮಾಗಳದ ಕಡೆಗೆ ಹೋಗುವ ಹಡಗಲಿ ಬಸ್ಸಿಗೆ ನಡೆದು ಹೊರಟರು. ಆಕೆಯ ಮೊಣಕಾಲಿಗೆ ತಕ್ಕ ಹಾಗೆ, ನಿಧಾನ.

ಅಷ್ಟೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಚಹಾದಂಗಡಿಯ ಮುಂದೆ ಕೂತವನೊಬ್ಬ ಕರೆದು ಕೇಳಿದ, "ಏನ್ರಿ ಹಾಲೇಶಪ್ಪ, ನಿಮ್ಮ ಕಾರು ಓಡಿತಂತಲ್ಲ. ಮತ್ತ ಅಕ್ಕನ್ನ ನಡಿಸ್ಕೊಂಡು ಹೊಂಟೀರಿ?"

ಹಾಲೇಶಪ್ಪ ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಹೂನ್ರಿ," ಅಂದ, "ಓಡಿತು."