ಗಾಲಿಕುರ್ಚಿಗೆ ಅಳತೆ

ರಗಳೆ ಶುರುವಾದದ್ದು ಆರು ಗುಂಡಿಗಳಿಂದ. ಮಧ್ಯಾಹ್ನ ಹನ್ನೆರಡು ಗಂಟೆಗೆ ಟೈಲರನ ಚಿಕ್ಕಮ್ಮ ಗಂಡಸರ ಅಂಗಿಯೊಂದಕ್ಕೆ ಆರೂ ಗುಂಡಿಗಳನ್ನು ಬಲಗಡೆಯ ಬದಲು ಎಡಗಡೆಯ ಪಟ್ಟಿಗೆ ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದು, ಮಡಿಸಿ ಇಟ್ಟಳು. ಮೂವತ್ತು ವರ್ಷಗಳಲ್ಲಿ ಅವಳಿಂದ ಇಂಥ ತಪ್ಪಾಗಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಟೈಲರನನ್ನು ಸಾಕಿ, ಓದು ತಲೆಗೆ ಹತ್ತದಿದ್ದಾಗ ಕೈಗೆ ಕತ್ತರಿ ಕೊಟ್ಟು, ಮೆಷಿನ್ನಿನ ಮುಂದೆ ಕೂರಿಸಿ ಹೊಲಿಗೆ ಕಲಿಸಿದವಳು ಅವಳೇ. ಅಂಥವಳಿಗೆ ಎಡ ಬಲ ಮರೆತುಹೋಯಿತೆಂದರೆ ವಿಷಯ ಗುಂಡಿಯದಲ್ಲ ಎಂದು ಟೈಲರನಿಗೆ ಅರ್ಥವಾಯಿತು.

“ದೊಡ್ಡಮ್ಮ ಫೋನ್ ಮಾಡಿದ್ಳಾ?” ಎಂದು ಮೆಲ್ಲಗೆ ಕೇಳಿದ.

“ಮಾಡಿದ್ಳು. ಇವತ್ತು ಐದೂವರೆ ರೈಲಿಗೆ ಹೊರಡ್ತಾಳಂತೆ. ಇನ್ಮೇಲೆ ಮಗಳ ಮನೇಲೇ ಇರೋದಂತೆ. ಹೋಗ್ಲಿ ಬಿಡು.”

“ನೋಡ್ಬೇಕು ಅನ್ಸಲ್ವಾ ನಿನಗೆ?”

“ಹುಟ್ಟಿದಾಗಿಂದ ನೋಡಿದ್ದು ಸಾಕಾಗಿಲ್ವಾ?” ಎಂದು ಚಿಕ್ಕಮ್ಮ ಇನ್ನೊಂದು ಅಂಗಿ ಎತ್ತಿಕೊಂಡಳು. ಅದರ ಎಡಗಡೆಗೇ ಸೂಜಿ ಚುಚ್ಚಿದಳು.

ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಚಿಕ್ಕಮ್ಮನ ತೊಡೆಯ ಮೂಳೆ ಮುರಿದಿತ್ತು. ಆರು ತಿಂಗಳ ಹಿಂದೆಯೇ ಡಾಕ್ಟರು, “ಮೂಳೆ ಕೂಡಿದೆ, ಧೈರ್ಯ ಮಾತ್ರ ಕೂಡಿಲ್ಲ, ನಡೆಸಿ,” ಎಂದಿದ್ದರು. ನಡೆಸುವುದು ಹೇಗೆ? ಕೋಲು ಕೊಟ್ಟರೆ “ಮುದುಕಿ ಥರ ಕಾಣ್ತೀನಿ” ಎನ್ನುವಳು, ವಯಸ್ಸು ಎಪ್ಪತ್ತಾರು. ನಾಲ್ಕು ಕಾಲಿನ ವಾಕರ್ ತಂದರೆ ಅದರ ಮೇಲೆ ಒದ್ದೆ ಬಟ್ಟೆ ಒಣಹಾಕಿದಳು. ಗೋಡೆ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಹೊಲಿಗೆಯ ಕುರ್ಚಿಗೆ. ಅಷ್ಟೇ ಅವಳ ಪ್ರಪಂಚ. ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮುಖ ನೋಡಿ ವರ್ಷವಾಗಿತ್ತು. ದೊಡ್ಡಮ್ಮ ತಾನೇ ಬರುತ್ತೇನೆಂದರೂ, ಈ ಅವತಾರದಲ್ಲಿ ಕಾಣಿಸಿಕೊಳ್ಳಲಾರೆನೆಂದು ಚಿಕ್ಕಮ್ಮ ತಡೆದಿದ್ದಳು.

ಟೈಲರ್ ಕೆಳಗಿನ ಅಂಗಡಿಗೆ ಹೋಗಿ “ಇಂದು ಬಿಡುವು” ಎಂಬ ಹಲಗೆ ತಗುಲಿಹಾಕಿ ಬಂದ. ಮಡಿಸುವ ಗಾಲಿಕುರ್ಚಿ ತರಬೇಕು, ಅದೂ ಇವತ್ತೇ. ಟೈಲರ್ ಎಂದಮೇಲೆ ಅಳತೆಯಿಲ್ಲದೆ ಏನನ್ನೂ ಕೊಳ್ಳುವ ಜಾತಿಯಲ್ಲ. ಟೇಪು ಹಿಡಿದು ಚಿಕ್ಕಮ್ಮನ ಸೊಂಟದ ಅಗಲ, ಮಂಡಿಯಿಂದ ಪಾದದವರೆಗಿನ ಉದ್ದ ಅಳೆದ.

“ಇದೆಲ್ಲಾ ಯಾಕೋ?”

“ಹೊಸ ಲಂಗ ಹೊಲಿಯೋಕೆ.”

“ಕೂತಿರೋರ ಲಂಗದ ಅಳತೆ ಯಾವ ದರ್ಜಿ ತಗೋತಾನೆ? ನಾನು ಹೀಗಾ ಕಲಿಸಿದ್ದು ನಿನಗೆ?”

ಟೈಲರ್ ಹೊರಗೆ ಬಂದು ಲಿಫ್ಟಿನ ಬಾಗಿಲಿಗೆ ಟೇಪು ಹಿಡಿದ. ಆಗಲೇ ಎದುರು ಮನೆಯ ಪೋಸ್ಟ್ ಮಾಸ್ಟರು ಹೊರಗೆ ಬಂದರು.

“ಏನ್ ಟೈಲರ್, ಲಿಫ್ಟಿಗೂ ಪ್ಯಾಂಟ್ ಹೊಲೀತಿದ್ದೀರಾ?”

ನಿವೃತ್ತರಾದ ಮೇಲೆ ಬಟವಾಡೆ ಮಾಡಲು ಕಾಗದಗಳಿಲ್ಲದೆ ಪೋಸ್ಟ್ ಮಾಸ್ಟರು ಸಲಹೆಗಳನ್ನು ಬಟವಾಡೆ ಮಾಡುತ್ತಿದ್ದರು. ಪಡೆಯುವವರು ಮನೆಯಲ್ಲಿ ಇಲ್ಲವೆಂದರೂ ಬಾಗಿಲ ಸಂದಿಯಲ್ಲಿ ತೂರಿಸಿಯೇ ಹೋಗುವವರು. ಟೈಲರ್ ವಿಷಯ ಹೇಳಿದ್ದೇ ತಡ, ಚಪ್ಪಲಿ ಮೆಟ್ಟಿಕೊಂಡರು.

“ನಡೀರಿ, ನಾನೂ ಬರ್ತೀನಿ. ನಮ್ಮ ಭಾವನಿಗೆ ಕೊಡಿಸಿದ್ದು ನಾನೇ. ಇಂಥದ್ರಲ್ಲಿ ನೀವೊಬ್ಬರೇ ಹೋದ್ರೆ ಮೋಸ ಹೋಗ್ತೀರಿ.”

ಗಾಲಿಕುರ್ಚಿ ಅಂಗಡಿಯ ಹೆಂಗಸು ಕನ್ನಡಕವನ್ನು ಹಣೆಗೇರಿಸಿಕೊಂಡು ಅಳತೆಯ ಚೀಟಿ ಓದಿದಳು. ಓದಿ ಮುಗಿಸಿ, ಇಂಥ ಗಿರಾಕಿ ಬಂದದ್ದು ಇದೇ ಮೊದಲು ಎನ್ನುವ ಹಾಗೆ ತಲೆದೂಗಿದಳು.

“ಸೀಟು ಕೂರೋರ ಅಳತೆಗಿಂತ ಎರಡೂ ಕಡೆ ಒಂದೊಂದು ಬೆರಳು ಜಾಸ್ತಿ ಇರ್ಬೇಕು ಸಾರ್. ಬಿಗಿಯಾದ್ರೆ ಒತ್ತುತ್ತೆ, ಸಡಿಲ ಆದ್ರೆ ಒಂದು ಕಡೆ ವಾಲ್ಕೋತಾರೆ.”

“ಅಂದ್ರೆ ಪ್ಯಾಂಟಿನ ಹಾಗೇ,” ಎಂದ ಟೈಲರ್. ಅವನಿಗೆ ಧೈರ್ಯ ಬಂತು.

ಮೊದಲನೆಯದು ಉಕ್ಕಿನ ಕುರ್ಚಿ. ಕೂತರೆ ಸುಖ; ಎತ್ತಿದರೆ ಕಣ್ಣು ಕತ್ತಲೆ. ಎರಡನೆಯದು ಕೊಡೆಯ ಹಾಗೆ ಮಡಿಸಿಕೊಳ್ಳುತ್ತಿತ್ತು, ಆದರೆ ಸೀಟು ಜೋಲಿಯ ಹಾಗೆ ಇಳಿಬಿದ್ದು ಕೂತವನ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಮೂರನೆಯದು ಅಲ್ಯೂಮಿನಿಯಂ. ಹಿಂದೆ ದೊಡ್ಡ ಚಕ್ರ, ಕಾಲಿಡುವ ಹಲಗೆಗಳನ್ನು ಕಳಚಿಡಬಹುದು, ಸೀಟಿನ ನಡುವಿನ ಪಟ್ಟಿ ಹಿಡಿದು ಮೇಲೆಳೆದರೆ ಪುಸ್ತಕದ ಹಾಗೆ ಮುಚ್ಚಿಕೊಳ್ಳುತ್ತದೆ.

“ಅಂಗಡಿ ನೆಲ ಕನ್ನಡಿ ಇದ್ದ ಹಾಗಿದೆ, ಇಲ್ಲಿ ಎಲ್ಲಾ ಕುರ್ಚೀನೂ ಓಡ್ತವೆ,” ಎಂದರು ಪೋಸ್ಟ್ ಮಾಸ್ಟರು. “ಬೀದೀಲಿ ನೋಡ್ಬೇಕು. ಕೂತ್ಕೊಳ್ಳಿ ಟೈಲರ್, ನಾನು ತಳ್ತೀನಿ.”

“ಬಸ್ ಸ್ಟಾಪ್‌ವರೆಗೆ ಹೋಗಿ ಬಂದ್ಬಿಡಿ,” ಎಂದು ಅಂಗಡಿಯವಳು ಒಪ್ಪಿದಳು.

ಬಸ್ ಸ್ಟಾಪಿನವರೆಗೆ ಕುರ್ಚಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗಿತು. ಅಲ್ಲಿ ಪೋಸ್ಟ್ ಮಾಸ್ಟರಿಗೆ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದರು. ಕುರ್ಚಿಗೆ ಬ್ರೇಕ್ ಹಾಕಿ, “ಒಂದೇ ನಿಮಿಷ,” ಎಂದು ಪಕ್ಕಕ್ಕೆ ಹೋದರು. ಆ ನಿಮಿಷದಲ್ಲೇ ಬಸ್ಸು ಬಂತು.

“ಅಣ್ಣಾ, ಹತ್ತಿಸ್ಬೇಕಾ?” ಎಂದು ಯಾರೋ ಕೇಳಿದರು.

“ಇಲ್ಲ ಇಲ್ಲ, ನಾನು ಸುಮ್ನೆ...”

“ಸಂಕೋಚ ಪಡ್ಬೇಡಿ! ರೀ, ಸ್ವಲ್ಪ ಕೈ ಹಾಕ್ರೀ!”

ನಾಲ್ಕು ಜನ ನಾಲ್ಕು ಕಡೆ ಹಿಡಿದು, ಟೈಲರ್ ಮಾತು ಮುಗಿಸುವುದರೊಳಗೆ ಅವನನ್ನು ಕುರ್ಚಿ ಸಮೇತ ಬಸ್ಸಿಗೆ ಏರಿಸಿದರು. ಒಳಗಿದ್ದವರು ಎದ್ದು ಜಾಗ ಬಿಟ್ಟರು. ಒಬ್ಬಾಕೆ ಬಿಸಿಲು ಬೀಳುತ್ತದೆಂದು ಕಿಟಕಿ ಮುಚ್ಚಿದಳು. ಕಂಡಕ್ಟರ್ ಟಿಕೆಟ್ ಬೇಡವೆಂದು ಕೈಯಾಡಿಸಿದ. ಇಷ್ಟೆಲ್ಲಾ ಆದಮೇಲೆ ಎದ್ದು ನಿಲ್ಲುವುದಾದರೂ ಹೇಗೆ? ಟೈಲರ್ ಬೆವರಿದ. ಅದನ್ನು ಕಂಡು ಇನ್ನೊಬ್ಬರು ಪತ್ರಿಕೆಯಿಂದ ಗಾಳಿ ಹಾಕಿದರು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಪರಿಚಿತ ಧ್ವನಿ: “ಅಯ್ಯೋ, ಟೈಲರ್! ಇದು ಯಾವಾಗ ಆಯ್ತು?”

ಹೊಲಿಯಲು ಕೊಟ್ಟಿದ್ದ ಕೋಟಿಗಾಗಿ ಒಂದು ತಿಂಗಳಿಂದ ಅಂಗಡಿಗೆ ಅಲೆಯುತ್ತಿದ್ದ ವಕೀಲರು. ಮೊನ್ನೆಯಷ್ಟೇ ಅಂಗಡಿಯ ಮುಂದೆ ನಿಂತು ಟೈಲರನ ಮಾನ ಹರಾಜು ಹಾಕಿದ್ದರು.

“ಸಾರ್, ನನಗೇನೂ ಆಗಿಲ್ಲ ಸಾರ್...”

“ನೋಡಿದ್ರಾ, ಧೈರ್ಯ ಅಂದ್ರೆ ಇದು!” ಎಂದು ವಕೀಲರು ಇಡೀ ಬಸ್ಸಿಗೆ ಸಾರಿದರು. ಅವರ ಕಣ್ಣು ತುಂಬಿತ್ತು. “ನಾನು ತಿಳೀದೆ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಕೋಟಿಗೇನೂ ಅವಸರ ಇಲ್ಲಪ್ಪ. ಮುಂದಿನ ವರ್ಷ ಕೊಡಿ.”

ಎರಡು ಸ್ಟಾಪು ಕಳೆದ ಮೇಲೆ ಅದೇ ನಾಲ್ಕು ಜನ ಅವನನ್ನು ಹೂವಿನ ಬುಟ್ಟಿಯ ಹಾಗೆ ಇಳಿಸಿದರು. ಟೈಲರ್ ಕೈಮುಗಿದ. ಅದು ನಾಟಕವಾಗಿರಲಿಲ್ಲ, ಗುರುತಿಲ್ಲದವನನ್ನು ಇಷ್ಟು ಜತನದಿಂದ ಎತ್ತುವ ಜನ ಬೀದಿಯಲ್ಲಿ ಓಡಾಡುತ್ತಿದ್ದಾರೆಂದು ಅವನಿಗೆ ಈತನಕ ಗೊತ್ತೇ ಇರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಆಚೀಚೆ ನೋಡಿ ಎದ್ದ. ಪಟ್ಟಿ ಎಳೆದು ಮಡಿಸಿದ, ಕಂಕುಳಿಗೆ ಸಿಕ್ಕಿಸಿಕೊಂಡು ಬಂದ ದಾರಿಗೇ ಹೊರಟ. ಅಷ್ಟು ದೂರ ಹೊತ್ತರೂ ತೋಳು ಕಳಚಿ ಬೀಳಲಿಲ್ಲ. ಅಲ್ಲಿಗೆ ಆಯ್ಕೆ ಮುಗಿಯಿತು.

ಅಂಗಡಿಯ ಬಾಗಿಲಲ್ಲಿ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಕ್ಕದಲ್ಲಿ ಪೋಸ್ಟ್ ಮಾಸ್ಟರು.

“ನಾನು ಹೇಳ್ಲಿಲ್ವಾ, ಓಡಿಹೋಗೋ ಮನುಷ್ಯ ಅಲ್ಲ ಅಂತ!” ಎಂದರು. ಅವರ ಮುಖ ನೋಡಿದರೆ ಹಾಗೆ ಹೇಳಿದ್ದವರಂತೆ ಕಾಣುತ್ತಿರಲಿಲ್ಲ.

ಮನೆ ತಲುಪಿದಾಗ ಗಂಟೆ ನಾಲ್ಕೂವರೆ. ಕುರ್ಚಿ ನೋಡಿ ಚಿಕ್ಕಮ್ಮ ಮುಖ ತಿರುಗಿಸಿದಳು.

“ಇದ್ರಲ್ಲಿ ಕೂತು ಹೋದ್ರೆ ನಮ್ಮಕ್ಕ ಏನಂತಾಳೆ? ನನಗಿಂತ ಎಂಟು ವರ್ಷ ದೊಡ್ಡವಳು, ಇನ್ನೂ ಟಕಟಕ ನಡೀತಾಳೆ.”

“ಅವಳು ಏನಾದ್ರೂ ಅನ್ಲಿ. ಅನ್ನೋದನ್ನ ಕೇಳೋಕಾದ್ರೂ ಎದುರಿಗೆ ಹೋಗ್ಬೇಕಲ್ಲ.”

ಚಿಕ್ಕಮ್ಮ ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿ, “ಒಳ್ಳೆ ಸೀರೆ ತಗೊಂಡು ಬಾ,” ಎಂದಳು. ಕುರ್ಚಿಯಲ್ಲಿ ಕೂತು ಎರಡೂ ಕಡೆ ಬೆರಳು ತೂರಿಸಿ ನೋಡಿದಳು. ಸರಿಯಾಗಿ ಒಂದೊಂದು ಬೆರಳು.

“ಪರವಾಗಿಲ್ಲ,” ಎಂದಳು. ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಟೈಲರ್ ಈ ಮಾತು ಕೇಳಿದ್ದು ಎರಡು ಸಲ.

ಲಿಫ್ಟಿನಲ್ಲಿ ಕುರ್ಚಿ ಹಿಡಿಸಿತು, ಟ್ಯಾಕ್ಸಿಯ ಡಿಕ್ಕಿಯಲ್ಲೂ ಹಿಡಿಸಿತು. ಮುಂದಿನ ಸೀಟಿನಲ್ಲಿ ಪೋಸ್ಟ್ ಮಾಸ್ಟರು ಆಗಲೇ ಕೂತಿದ್ದರು. ಅವರು ಹೇಳಿದ ಹತ್ತಿರದ ದಾರಿಯಲ್ಲಿ ರಸ್ತೆ ಅಗೆದಿತ್ತು. ಹಾಗಾಗಿ ನಿಲ್ದಾಣ ಮುಟ್ಟಿದಾಗ ರೈಲು ಹೊರಡಲು ಹನ್ನೆರಡೇ ನಿಮಿಷ.

“ನೀವು ನಿಧಾನವಾಗಿ ಬನ್ನಿ, ಬೋಗಿ ಎಲ್ಲಿದೆ ನಾನು ಹುಡುಕ್ತೀನಿ,” ಎಂದು ಪೋಸ್ಟ್ ಮಾಸ್ಟರು ಜನರ ನಡುವೆ ಮಾಯವಾದರು.

ಟೈಲರ್ ಡಿಕ್ಕಿಯಿಂದ ಕುರ್ಚಿ ತೆಗೆದು, ಬಿಡಿಸಿ, ಹಲಗೆ ಸಿಕ್ಕಿಸಿ, ಅಂಗಡಿಯವಳು ತೋರಿಸಿದಂತೆ ಸೀಟನ್ನು ಅಂಗೈಯಿಂದ ಒತ್ತಿ, ಎಲ್ಲ ಸರಿಯಾಯಿತೆಂದು ಸಂತೋಷದಿಂದ ಒಂದು ಹೆಜ್ಜೆ ಹಿಂದಕ್ಕಿಟ್ಟ. ಅಲ್ಲಿ ನೆಲ ಇರಲಿಲ್ಲ. ಫುಟ್‌ಪಾತಿನ ಅಂಚಿನಿಂದ ಜಾರಿ ಪಾದ ಉಳುಕಿತು. ಕಣ್ಣ ಮುಂದೆ ಬಣ್ಣ ಬಣ್ಣದ ಗುಂಡಿಗಳು ಹಾರಾಡಿದವು. ಎರಡೇ ನಿಮಿಷದಲ್ಲಿ ಪಾದದ ಗಂಟು ಊದಿ ಕುಂಬಳಕಾಯಿಯಾಯಿತು.

“ಏಳೋ!” ಎಂದಳು ಕಾರಿನೊಳಗಿಂದ ಚಿಕ್ಕಮ್ಮ.

“ಆಗ್ತಿಲ್ಲ ಚಿಕ್ಕಮ್ಮ. ಕಾಲು ಊರೋಕೇ ಆಗ್ತಿಲ್ಲ.”

ಹಿಂದಿನಿಂದ ಕಾರುಗಳು ಹಾರ್ನ್ ಮಾಡುತ್ತಿದ್ದವು. ಪೊಲೀಸನೊಬ್ಬ ಸೀಟಿ ಊದುತ್ತಾ ಬರುತ್ತಿದ್ದ. ಚಾಲಕ, “ಅಮ್ಮಾ, ಇಲ್ಲಿ ನಿಲ್ಸೋ ಹಾಗಿಲ್ಲ, ಬೇಗ ಇಳೀರಿ,” ಎಂದು ಗೋಗರೆದ. ಒಳಗೆ ಧ್ವನಿವರ್ಧಕ ರೈಲಿನ ಹೆಸರು ಕೂಗಿತು.

ಚಿಕ್ಕಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾರಿನ ಬಾಗಿಲು ಹಿಡಿದು ಇಳಿದಳು. ಚಾಲಕ ಟೈಲರನನ್ನು ಎತ್ತಿ ನಿಲ್ಲಿಸುತ್ತಿದ್ದಂತೆ, “ಕೂತ್ಕೋ ಅದ್ರಲ್ಲಿ!” ಎಂದು ಗದರಿದಳು. ಅವನು ಕೂತ. ಅವಳು ಹಿಂದಿನ ಹಿಡಿಗಳನ್ನು ಎರಡೂ ಕೈಯಲ್ಲಿ ಹಿಡಿದು ತಳ್ಳಿದಳು.

“ಯಾವತ್ತು ನೀನು ಕಾಲು ನೋಡಿ ಇಟ್ಟಿದ್ದೀಯಾ? ಶಾಲೆಗೆ ಸೇರಿಸಿದ ದಿನವೂ ಹೀಗೇ ಬಿದ್ದಿದ್ದೆ. ಸ್ವಲ್ಪ ದಾರಿ ಬಿಡ್ರಪ್ಪ! ಮದುವೆ ದಿನವೂ ಎಡವಿದ್ದೆ. ನಿನ್ನ ಹೆಂಡತಿ ಎರಡು ದಿನ ತವರಿಗೆ ಹೋದ್ರೆ ಸಾಕು, ಒಂದಲ್ಲಾ ಒಂದು ಅನಾಹುತ. ದಾರಿ ಬಿಡ್ರಪ್ಪ!”

ಇಳಿಜಾರು ಹತ್ತಿತು ಕುರ್ಚಿ. ನೀರಿನ ನಲ್ಲಿಗಳನ್ನು ದಾಟಿತು, ಪತ್ರಿಕೆಯ ಅಂಗಡಿಯನ್ನು ದಾಟಿತು. ಅಲ್ಲಿಗೆ ಬಂದಾಗ ಟೈಲರನಿಗೆ ತಟ್ಟನೆ ಹೊಳೆಯಿತು: ಚಿಕ್ಕಮ್ಮ ನಡೆಯುತ್ತಿದ್ದಾಳೆ! ಬೈಗುಳದ ಭರದಲ್ಲಿ ಅವಳಿಗೆ ಗೊತ್ತಾಗಿಲ್ಲ. ತಾನು ಬಾಯಿಬಿಟ್ಟರೆ ಅವಳಿಗೆ ನೆನಪಾಗಿಬಿಡುತ್ತದೆ. ಅವನು ತುಟಿ ಕಚ್ಚಿಕೊಂಡ. ಕಾಲು ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನೋವಿಗೆಷ್ಟು, ಸಂತೋಷಕ್ಕೆಷ್ಟು ಎಂದು ಅಳೆಯಲು ಅವನಿಂದಲೂ ಆಗಲಿಲ್ಲ. ಬೈಗುಳ ನಿಲ್ಲುವ ಸೂಚನೆ ಕಂಡಾಗ ಮಾತ್ರ, “ಆ ಪಿಂಗಾಣಿ ಜಾಡಿ ಒಡೆದದ್ದೂ ನಾನೇ,” ಎಂದು ಒಂದು ಹಳೆಯ ಅಪರಾಧ ಒಪ್ಪಿಕೊಂಡ. ಅದು ಇನ್ನೂ ಎರಡು ಬೋಗಿಗಳ ದೂರಕ್ಕೆ ಸಾಕಾಯಿತು.

ಕೊನೆಯ ಬೋಗಿಯ ಕಿಟಕಿಯಲ್ಲಿ ದೊಡ್ಡಮ್ಮನ ಮುಖವಿತ್ತು. ಅದರ ಬಾಯಿ ತೆರೆದುಕೊಂಡಿತು.

“ಇದೇನೇ ಇದು? ನಡೆಯೋಕಾಗ್ದೆ ಇರೋಳು ನೀನಲ್ವೇನೇ? ಇವನ್ಯಾಕೆ ಕೂತಿದ್ದಾನೆ?”

ಚಿಕ್ಕಮ್ಮ ತಲೆ ಬಗ್ಗಿಸಿ ತನ್ನ ಪಾದಗಳನ್ನು ನೋಡಿಕೊಂಡಳು. ಯಾರದೋ ಕಾಲುಗಳನ್ನು ತಪ್ಪಿ ಹಾಕಿಕೊಂಡು ಬಂದವಳಂತೆ ಬೆಚ್ಚಿದಳು. ಹಿಡಿಗಳನ್ನು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ದೊಡ್ಡಮ್ಮ ಟಕಟಕ ಇಳಿದು ಬಂದು ಅವಳನ್ನು ಅಪ್ಪಿಕೊಂಡಳು. ಮಗಳು ಬಾಗಿಲಿಂದ ಕೂಗಿದಾಗ ದೊಡ್ಡಮ್ಮ, “ಸೀರೆ ಚೆನ್ನಾಗಿದೆ ಕಣೇ,” ಎಂದು ಹತ್ತಿದಳು.

ರೈಲು ಹೋದ ಮೇಲೂ ಚಿಕ್ಕಮ್ಮ ಅಲ್ಲೇ ನಿಂತಿದ್ದಳು. ತನ್ನ ಕಾಲ ಮೇಲೆ. ಆಗ ಪೋಸ್ಟ್ ಮಾಸ್ಟರು ಏದುಸಿರು ಬಿಡುತ್ತಾ ಬಂದರು.

“ಬೋಗಿ ಎಲ್ಲಿದೆ ಅಂತ ಗೊತ್ತಾಯ್ತು!”

ಮರುದಿನ ಮೂಳೆ ಡಾಕ್ಟರು ಇಬ್ಬರನ್ನೂ ಒಟ್ಟಿಗೇ ನೋಡಿದರು. ಟೈಲರನ ಕಾಲಿಗೆ ಪಟ್ಟಿ ಸುತ್ತಿ, ಮೂರು ವಾರ ನಡೆಯಬೇಡ ಎಂದರು. ಚಿಕ್ಕಮ್ಮನಿಗೆ, “ದಿನಾ ಸಂಜೆ ಒಂದು ಗಂಟೆ ಇವರನ್ನ ಹೀಗೇ ತಳ್ಳಿ,” ಎಂದರು. ಚಿಕ್ಕಮ್ಮ ತಳ್ಳಿದಳು. ಮೊದಲು ಬೀದಿಯ ತುದಿಗೆ, ಆಮೇಲೆ ಉದ್ಯಾನಕ್ಕೆ, ಆಮೇಲೆ ಕೆರೆಯ ಸುತ್ತ.

ಮೂರು ವಾರ ಕಳೆದು ಪಟ್ಟಿ ಬಿಚ್ಚಿದ ದಿನ ಟೈಲರ್ ಉತ್ಸಾಹದಿಂದ ಕಾಲು ಝಾಡಿಸಿ, “ಇನ್ಮೇಲೆ ಖಾಲಿ ಕುರ್ಚಿ ತಳ್ಕೊಂಡು ಹೋಗು ಚಿಕ್ಕಮ್ಮ, ನಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ,” ಎಂದ.

ಚಿಕ್ಕಮ್ಮ ಖಾಲಿ ಕುರ್ಚಿಯನ್ನು ನಾಲ್ಕು ಹೆಜ್ಜೆ ತಳ್ಳಿದಳು. ಹಿಡಿಯ ಮೇಲೆ ಭಾರ ಹಾಕಿದ ಕೂಡಲೇ ಮುಂದಿನ ಚಕ್ರ ಮೇಲೆದ್ದಿತು.

“ಇಷ್ಟು ಹಗುರ ಇರೋದನ್ನ ಯಾರು ತರೋಕೆ ಹೇಳಿದ್ರು? ಕೂತ್ಕೋ.”

“ಮರಳಿನ ಚೀಲ ಇಡ್ತೀನಿ.”

“ಮರಳಿನ ಚೀಲದ ಹತ್ರ ಏನು ಮಾತಾಡ್ಲಿ ನಾನು? ಕೂತ್ಕೋ ಅಂದೆ.”

ಹಾಗಾಗಿ ಎರಡು ಗಟ್ಟಿ ಕಾಲುಗಳ ಟೈಲರ್ ಈಗಲೂ ದಿನಾ ಸಂಜೆ ಅಂಗಡಿ ಮುಚ್ಚಿ ಗಾಲಿಕುರ್ಚಿಯಲ್ಲಿ ಕೂರುತ್ತಾನೆ. ಮೊನ್ನೆ ಕೆರೆಯ ಬಳಿ ಒಬ್ಬ ಹೆಂಗಸು ಚಿಕ್ಕಮ್ಮನನ್ನು ತಡೆದು, ಈ ವಯಸ್ಸಲ್ಲಿ ನಿಮಗೆಂಥ ಕಷ್ಟ ಎಂದು ಮರುಗಿದಳು.

“ಏನ್ಮಾಡೋದಮ್ಮ,” ಎಂದಳು ಚಿಕ್ಕಮ್ಮ ನಿಟ್ಟುಸಿರು ಬಿಟ್ಟು, “ಈ ಚಿಕ್ಕಮ್ಮ ಅಲ್ದೆ ಇವನನ್ನ ಯಾರು ನೋಡ್ಕೋತಾರೆ?”

ಆ ಹೆಂಗಸು ಬಗ್ಗಿ ಟೈಲರನ ಹೆಗಲು ತಟ್ಟಿದಳು. “ಇಂಥ ಚಿಕ್ಕಮ್ಮ ಸಿಗೋಕೆ ಅದೃಷ್ಟ ಬೇಕು ಕಣಪ್ಪ.”

ಟೈಲರ್ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಯೋಚಿಸಿದ. ಆ ಹೆಂಗಸು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

“ಹೌದಮ್ಮ,” ಎಂದ.