ಕ್ಯಾನ್ವಾಸ್ ಟೆಂಟು, ನೈಲಾನ್ ಸೀರೆ ಮತ್ತು ನಮ್ಮತ್ತೆ

ಬೇಡ ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಹಿಡಿದವನಿಗೇ ಎರಡು ಸೌಟು ಜಾಸ್ತಿ ಬಡಿಸುತ್ತಾರೆ. ನನ್ನ ಜೀವನದಲ್ಲಿ ಎಲ್ಲವೂ ಹೀಗೇ ಆಗೋದು. ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೆ ನಮ್ಮನೆ ಕಿಟಕಿ ಮುಚ್ಚುವ ಜಾತಿಯವನು ನಾನು. ಅಂಥವನು ಎಂಬತ್ತರ ದಶಕದಲ್ಲಿ ಸ್ಯಾನ್ ಹೋಸೆಯ ಅಂಗಡಿಯೊಂದರಲ್ಲಿ ನಿಂತು ಜಿಂಕೆ ಬೇಟೆಗೆ ಹೋಗುವವರಿಗೆ ಟೆಂಟು ಮಾರುತ್ತಿದ್ದೆ. ನಮ್ಮ ಕಡೆಯವರೆಲ್ಲ ಕಂಪ್ಯೂಟರು ಕಂಪನಿಗಳಲ್ಲಿ ಟೈ ಕಟ್ಟಿಕೊಂಡು ಓಡಾಡುತ್ತಿದ್ದಾಗ ನಾನು ಸುತ್ತಿಗೆ ಹಿಡಿದು ಗೂಟ ಹೊಡೆಯುತ್ತಿದ್ದೆ. ಹಾಗಾಗಿ ಪಾರ್ಟಿಗಳಲ್ಲಿ ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನನ್ನ ಹೆಂಡತಿ ತಕ್ಷಣ ಪಾಯಸ ತರಲು ಹೋಗುತ್ತಿದ್ದಳು.

ಇಂಟರ್‌ವ್ಯೂ

ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ಸೂಟ್‌ಕೇಸು ಹೊತ್ತುಕೊಂಡು ನಾನು ಬಂದೆ. ಮಂಡ್ಯದಲ್ಲಿ ನಮ್ಮಪ್ಪನದು ಶಾಮಿಯಾನ ಅಂಗಡಿ. ಬಟ್ಟೆ, ಹಗ್ಗ, ಗೂಟ, ಇಷ್ಟು ಬಿಟ್ಟು ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಪೇಪರಿನಲ್ಲಿ 'ಟೆಂಟ್ ಗೊತ್ತಿರುವವರು ಬೇಕು' ಅಂತ ಬಂದದ್ದೇ ಓಡಿದೆ.

ಅಂಗಡಿಯ ಯಜಮಾನ ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡೇ ಮಾತಾಡುವ ಮುದುಕ. "ಟೆಂಟಿನ ಬಗ್ಗೆ ಏನು ಗೊತ್ತು ನಿನಗೆ?" ಅಂದ.

"ನಮ್ಮ ಟೆಂಟಿನಲ್ಲಿ ಒಂದು ಪಂಕ್ತಿಗೆ ಮುನ್ನೂರು ಜನ ಕೂರುತ್ತಾರೆ."

ಹಲ್ಲುಕಡ್ಡಿ ಅಲ್ಲಾಡುವುದು ನಿಂತಿತು. "ಮುನ್ನೂರು ಜನ ಬೇಟೆಗಾರರಾ?"

"ಅಲ್ಲ, ಗಂಡಿನ ಕಡೆಯವರು."

"ಅವರೇನು, ಅಪಾಯದ ಜನವಾ?"

"ಊಟ ತಡವಾದರೆ."

ಕೆಲಸ ಸಿಕ್ಕಿತು.

ಟ್ರಕ್ಕಿನ ಬೆನ್ನುನೋವು

ಕೆಲಸ ಸಿಕ್ಕಿದ ಮೇಲೆ ಯಜಮಾನ ಗೋಡೌನು ತೋರಿಸಿದ. ನೆಲದಿಂದ ಸೂರಿನವರೆಗೆ ಕ್ಯಾನ್ವಾಸು. ಆಸಾಮಿ ಆ ವರ್ಷ ಕ್ಯಾನ್ವಾಸ್ ಟೆಂಟೇ ಓಡುತ್ತೆ ಅಂತ ತರಿಸಿ ಗುಡ್ಡೆ ಹಾಕಿದ್ದ. ಬಂದವರೆಲ್ಲ ಕೇಳುತ್ತಿದ್ದದ್ದು ನೈಲಾನು.

"ಬೇಟೆ ಸೀಸನ್ನು ಮುಗಿಯೋದರೊಳಗೆ ಇದು ಖಾಲಿಯಾಗಬೇಕು. ಆಗಲಿಲ್ಲ ಅಂದರೆ ಟೆಂಟಿನ ವಿಭಾಗ ಮುಚ್ಚುತ್ತೇನೆ," ಅಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಿಭಾಗ ಅಂದರೆ ನೀನು," ಅಂತ ಸೇರಿಸಿದ.

ನನ್ನ ಹೆಂಡತಿ ಆಗ ಬಸುರಿ. ಅವಳು ರಜೆ ಹಾಕಿದ ಮೇಲೆ ಅಪಾರ್ಟ್‌ಮೆಂಟಿನ ಬಾಡಿಗೆ ನನ್ನ ಸಂಬಳದಲ್ಲೇ ಆಗಬೇಕು.

ಸುಳ್ಳು ಯಾಕೆ ಹೇಳಲಿ, ಕ್ಯಾನ್ವಾಸು ಎತ್ತಲು ಇಬ್ಬರು ಬೇಕು. ನೆನೆದರೆ ಒಣಗೋದಿಲ್ಲ, ಒಣಗದೆ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತೆ. ಆದರೆ ಒಳಗೆ ಬೆಚ್ಚಗಿರುತ್ತೆ, ಬಟ್ಟೆ ಉಸಿರಾಡುತ್ತೆ, ಒಳಗೇ ಸೌದೆ ಒಲೆಯಿಟ್ಟು ಹೊಗೆ ಕೊಳವೆ ಮೇಲಕ್ಕೆ ಬಿಡಬಹುದು. ನೈಲಾನನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು, ಸರಿ. ಬೆಳಗ್ಗೆ ನೋಡಿದರೆ ನಾವೇ ಬಿಟ್ಟ ಉಸಿರು ಹನಿಯಾಗಿ ನಮ್ಮ ಮೂಗಿನ ಮೇಲೇ ತೊಟ್ಟಿಕ್ಕುತ್ತಿರುತ್ತೆ. ಬೆಂಕಿಯ ಹತ್ತಿರವಂತೂ ಒಯ್ಯುವ ಹಾಗೇ ಇಲ್ಲ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. ಎತ್ತಿನ ಥರ ಬೆಳೆದ ಗಿರಾಕಿ ನೈಲಾನನ್ನು ಒಂದು ಬೆರಳಲ್ಲಿ ಎತ್ತಿ, "ಹಗುರ ಇದೆ," ಅನ್ನುತ್ತಿದ್ದ.

"ಹೊರೋದು ಯಾರು ಸ್ವಾಮಿ?"

"ಯಾರೂ ಇಲ್ಲ. ಟ್ರಕ್ಕು ಟೆಂಟಿನ ಜಾಗದವರೆಗೂ ಹೋಗುತ್ತೆ."

"ಟ್ರಕ್ಕಿಗೇನು ಬೆನ್ನುನೋವಾ?" ಅಂದೆ ಒಂದು ದಿನ ತಡೆಯಲಾರದೆ. ಗಿರಾಕಿ ಒಂದು ಕ್ಷಣ ಯೋಚಿಸಿ, "ಹಳೇ ಟ್ರಕ್ಕು, ಪಾಪ," ಅಂತ ನೈಲಾನೇ ತಗೊಂಡು ಹೋದ.

ಪಿತೃಪಕ್ಷದ ಮದುವೆ

ಅಷ್ಟರಲ್ಲಿ ಬಾಣಂತನಕ್ಕೆ ಹಾಸನದಿಂದ ನಮ್ಮತ್ತೆ ಬಂದರು. ಹಿಂದಿನ ದಿನವೇ ಹೆಂಡತಿ ನನ್ನನ್ನು ಕೂರಿಸಿಕೊಂಡು ತಾಕೀತು ಮಾಡಿದಳು. "ರೀ, ಜಿಂಕೆ ಕೊಲ್ಲೋರಿಗೆ ಸಾಮಾನು ಮಾರ್ತೀರಿ ಅಂತ ಅಮ್ಮಂಗೆ ಗೊತ್ತಾದ್ರೆ ವಾಪಸ್ಸು ಪ್ಲೇನ್ ಹತ್ತುತಾಳೆ. ಮಗೂಗೆ ಎಣ್ಣೆ ನೀರು ನೀವೇ ಹಾಕ್ಬೇಕಾಗತ್ತೆ, ನೋಡಿ."

ಹಾಗಾಗಿ ಅತ್ತೆ ಕೇಳಿದಾಗ ಅರ್ಧ ಸತ್ಯ ಹೇಳಿದೆ. "ನಮ್ಮಪ್ಪ ಮಾಡೋ ಕೆಲಸಾನೇ ಅತ್ತೆ. ಶಾಮಿಯಾನ."

"ಓ, ಮದುವೆಗಳಿಗಾ?"

"ಹ್ಞೂಂ."

ಅತ್ತೆಗೆ ಸಮಾಧಾನವಾಯಿತು. ಆದರೆ ಬರುವಾಗಲೇ ಪಂಚಾಂಗ ತಂದಿದ್ದರು. ಮಾರನೆಯ ವಾರ ನಾನು ರಾತ್ರಿ ಊಟಕ್ಕೆ ಲೇಟಾಗಿ ಬಂದು, ಸೀಸನ್ನು ಅಂದಾಗ ಕನ್ನಡಕ ಏರಿಸಿದರು. "ಈಗ ಪಿತೃಪಕ್ಷ ಅಲ್ವೇ? ಪಿತೃಪಕ್ಷದಲ್ಲಿ ಯಾರಪ್ಪ ಮದುವೆ ಮಾಡ್ತಾರೆ?"

ಹೆಂಡತಿ ಸಾರಿನ ಪಾತ್ರೆಯೊಳಗೇ ನೋಡುತ್ತಿದ್ದಳು.

"ಇಲ್ಲಿ ಟೈಮು ಹನ್ನೆರಡೂವರೆ ಗಂಟೆ ಹಿಂದೆ ಅಲ್ವಾ ಅತ್ತೆ," ಅಂದೆ. "ಪಿತೃಗಳು ಇನ್ನೂ ಬಂದಿಲ್ಲ."

ಆಯುಧ ಪೂಜೆ

ಕ್ಯಾನ್ವಾಸು ಕದಲಲಿಲ್ಲ. ಅತ್ತೆಗೆ ವಿಷಯ ಹೇಳಿದೆ, ಅಂದರೆ ಮದುವೆಯವರು ಯಾರೂ ದೊಡ್ಡ ಶಾಮಿಯಾನ ಕೇಳ್ತಿಲ್ಲ ಅಂತ. "ಅಂಗಡಿಗೆ ದೃಷ್ಟಿಯಾಗಿದೆ. ಆಯುಧ ಪೂಜೆ ದಿನ ಕುಂಬಳಕಾಯಿ ಒಡೀರಿ," ಅಂತ ಕುಂಕುಮ, ಊದಿನಕಡ್ಡಿ ಕಟ್ಟಿಕೊಟ್ಟರು. ಆಯುಧ ಪೂಜೆಗೆ ನಮ್ಮ ಅಂಗಡಿಗಿಂತ ಲಾಯಕ್ಕಾದ ಜಾಗ ಇನ್ನೆಲ್ಲಿದೆ ಹೇಳಿ? ಆಚೆ ಕೌಂಟರಿನ ತುಂಬ ಬಂದೂಕುಗಳೇ.

ಯಜಮಾನ ಬರುವ ಮೊದಲೇ ಹೋಗಿ ಎಲ್ಲ ಬಂದೂಕಿಗೂ ಕುಂಕುಮವಿಟ್ಟೆ. ತೋರಿಸಲೆಂದು ನಿಲ್ಲಿಸಿದ್ದ ಎರಡು ಟೆಂಟಿನೊಳಗೂ, ಕ್ಯಾನ್ವಾಸಿಗೊಂದು ನೈಲಾನಿಗೊಂದು, ಊದಿನಕಡ್ಡಿ ಹಚ್ಚಿಟ್ಟೆ. ಅಕ್ಟೋಬರ್ ತಿಂಗಳು, ಆ ದೇಶದಲ್ಲಿ ಮೂಲೆಮೂಲೆಗೂ ಕುಂಬಳಕಾಯಿ. ಒಂದಕ್ಕೆ ತೂತು ಕೊರೆದು ಕುಂಕುಮ ತುಂಬಿ ಬಾಗಿಲ ಮುಂದೆ ಪಟಾರನೆ ಒಡೆದೆ.

ಯಜಮಾನ ಬಂದವನೇ ಬಾಗಿಲಲ್ಲಿ ಕೆಂಪಗೆ ಚೆಲ್ಲಾಡಿದ್ದನ್ನು ಕಂಡು ಪೊಲೀಸಿಗೆ ಫೋನು ಮಾಡಲು ಓಡಿದ. ತಡೆದು, "ವ್ಯಾಪಾರಕ್ಕೆ ಒಳ್ಳೆಯದು," ಅಂದೆ. ಒಳಗೆ ಬಂದು ಹಣೆಗೆ ಬೊಟ್ಟಿಟ್ಟುಕೊಂಡ ತನ್ನ ಬಂದೂಕುಗಳನ್ನು ನೋಡಿದ. ನೈಲಾನ್ ಟೆಂಟಿನ ಹತ್ತಿರ ಬಂದು ನಿಂತ. ಊದಿನಕಡ್ಡಿ ವಾಲಿ, ಗೋಡೆಯಲ್ಲಿ ದುಂಡಗೆ ತೂತು.

"ಇದು?"

"ಅದೂ ವ್ಯಾಪಾರಕ್ಕೇ," ಅಂದೆ.

ಮುದುಕ ಹಲ್ಲುಕಡ್ಡಿ ಜಗಿಯುತ್ತ ಯೋಚಿಸಿ, ಟೆಂಟಿನ ಮೇಲೆ 'ಗಾಳಿ ಕಿಂಡಿ ಸಮೇತ' ಅಂತ ಬೋರ್ಡು ಬರೆದು ಹಾಕಿದ. ಮಧ್ಯಾಹ್ನದೊಳಗೆ ಮಾರಾಟವಾಯಿತು. ಪಕ್ಕದಲ್ಲಿ ಗಂಧದ ವಾಸನೆ ಹೊಡೆಯುತ್ತ ಕ್ಯಾನ್ವಾಸು ಹಾಗೇ ನಿಂತಿತ್ತು. ಪೂಜೆ ನಾನು ಮಾಡಿದೆ, ಫಲ ಸವತಿಗೆ ಹೋಯಿತು.

ಇಂಗಿನ ಮಹಿಮೆ

ಸರಟೋಗಾದಲ್ಲಿ ನನಗೊಬ್ಬ ಬೆಂಗಳೂರಿನ ಸ್ನೇಹಿತ, ಎಂಜಿನಿಯರು, ನನ್ನಷ್ಟೇ ಪುಳಿಚಾರು. ಒಂದು ದಿನ ಬೆವರುತ್ತ ಅಂಗಡಿಗೆ ಬಂದ. "ಗುರೂ, ಬಾಸು ಬೇಟೆ ಕ್ಯಾಂಪಿಗೆ ಕರ್ದಿದಾನೆ. ಪ್ರಮೋಷನ್ ವಿಷ್ಯ, ಹೋಗ್ಲೇಬೇಕು. ಒಂದು ಟೆಂಟ್ ಕೊಡು."

"ಕ್ಯಾನ್ವಾಸ್ ತಗೋ ಮಾರಾಯ," ಅಂದೆ.

"ನನ್ ಕಾರ್ ಡಿಕ್ಕೀಲಿ ಹಿಡಿಯಲ್ಲ ಕಣೋ," ಅಂತ ನೈಲಾನ್ ಒಯ್ದ. ಜೊತೆಗೆ ರವೆ, ಸಾಸಿವೆ, ಹಸಿಮೆಣಸಿನಕಾಯಿ, ಒಂದು ಡಬ್ಬಿ ಇಂಗು. ಅಲ್ಲಿ ಮಳೆ ಹಿಡಿಯಿತು. ಹೊಟ್ಟೆ ಕೇಳಬೇಕಲ್ಲ, ಟೆಂಟಿನ ಬಾಯಲ್ಲೇ ಸಣ್ಣ ಗ್ಯಾಸ್ ಒಲೆ ಹಚ್ಚಿ ಇಂಗಿನ ಒಗ್ಗರಣೆ ಕೊಟ್ಟಿದ್ದಾನೆ. ನೈಲಾನು ಉಸಿರಾಡೋದಿಲ್ಲ ಅಂತ ನಾನು ಹೇಳಿದ್ದು ಇದನ್ನೇ. ಒಗ್ಗರಣೆ ಒಳಗೇ ಉಳಿಯಿತು. ಒಣಗಲೆಂದು ಬಾಸು ತನ್ನ ಕೋಟನ್ನು ಬೇರೆ ಅಲ್ಲೇ ನೇತುಹಾಕಿದ್ದ.

ಬೆಳಗ್ಗೆ ಆ ಕೋಟು ಹಾಕಿಕೊಂಡು ಬಾಸು ಪೊದೆ ಹಿಂದೆ ಕೂತ. ಜಿಂಕೆಯ ಮೂಗು ಎಂಥದು ಅಂತ ನಿಮಗೆ ಗೊತ್ತಲ್ಲ. ಇಡೀ ಕಣಿವೆ ಖಾಲಿ. ಬಂದದ್ದು ಪಕ್ಕದ ಕ್ಯಾಂಪಿನ ಇಬ್ಬರು, ಅದೂ ತಟ್ಟೆ ಹಿಡಿದುಕೊಂಡು. ಪ್ರಮೋಷನ್ನು ಬ್ರೆಡ್ಡು ತಿಂದ ಇನ್ಯಾರಿಗೋ ಆಯಿತಂತೆ.

ಸ್ನೇಹಿತ ಟೆಂಟು ವಾಪಸು ತಂದ. ಯಜಮಾನ ಜಿಪ್ಪು ಎಳೆದು ತಲೆ ಒಳಗೆ ಹಾಕಿದ, ಹಾಗೇ ಹಿಂದಕ್ಕೆ ತೆಗೆದ. ಹಲ್ಲುಕಡ್ಡಿ ಒಳಗೇ ಬಿದ್ದುಹೋಗಿತ್ತು.

"ಇದರೊಳಗೆ ಸತ್ತದ್ದು ಯಾರು?" ಅಂದ.

"ಯಾರೂ ಇಲ್ಲ ಸಾರ್," ಅಂದ ನನ್ನ ಸ್ನೇಹಿತ ವಿನಯದಿಂದ. "ಉಪ್ಪಿಟ್ಟು."

ಬೋಂಡಾ ಮತ್ತು ನೈಲಾನ್ ಸೀರೆ

ಸೀಸನ್ನು ಮುಗಿಯುವುದಕ್ಕೆ ಬಂತು. ಯಜಮಾನ ನನ್ನನ್ನು ನೋಡಿದಾಗಲೆಲ್ಲ ಗೋಡೌನಿನ ಕಡೆ ನೋಡುತ್ತಿದ್ದ. ಆ ಶನಿವಾರ ಹೆಂಡತಿ ಡಾಕ್ಟರ ಹತ್ತಿರ ಹೋಗಬೇಕಾಗಿ, "ಅಲ್ಲೀವರೆಗೂ ನಾನು ಅಳಿಯಂದಿರ ಅಂಗಡಿ ನೋಡ್ತೀನಿ," ಅಂತ ಅತ್ತೆ ಅಂಗಡಿ ಮುಂದೆ ಕಾರಿನಿಂದ ಇಳಿದೇಬಿಟ್ಟರು. ಬಂದೂಕಿನ ಕೌಂಟರಿಗೆ ಬೆನ್ನು ಮಾಡಿ ಕುರ್ಚಿ ಹಾಕಿ ಕೂರಿಸಿದೆ.

ಅಂಥ ಹೊತ್ತಿಗೇ ಗಿಲ್‌ರಾಯ್ ಕಡೆಯ ಬೆಳ್ಳುಳ್ಳಿ ರೈತನೊಬ್ಬ ಬಂದ. ಆಳೆತ್ತರಕ್ಕಿಂತ ಒಂದು ಮೊಳ ಜಾಸ್ತಿ, ಗಡ್ಡ, ರಿಪೇರಿಗೆ ತಂದ ಬಂದೂಕು ಹೆಗಲಲ್ಲಿ. ಒಂದು ಕೈ ಕ್ಯಾನ್ವಾಸಿನ ಮೇಲೆ, ಒಂದು ಕೈ ನೈಲಾನಿನ ಮೇಲೆ ಇಟ್ಟುಕೊಂಡು ನಿಂತವನು ಅಲ್ಲಾಡಲಿಲ್ಲ. "ನಮ್ಮದು ದೊಡ್ಡ ಗುಂಪು," ಅಂದ. "ನಾನು ಯಾವುದು ತಗೊಂಡರೆ ಎಲ್ಲರೂ ಅದೇ."

ಯಜಮಾನ ಹತ್ತಿರ ಬಂದು ನಿಂತ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಇವರು ಯಾರ ಕಡೆ?" ಅಂದರು ಅತ್ತೆ, ಎದ್ದು ಬಂದು.

"ಹೆಣ್ಣಿನ ಕಡೆ ಅತ್ತೆ."

"ಕೋವಿ ಯಾಕೆ?"

"ಕೊಡಗಿನವರ ಥರ. ಮದುವೇಲಿ ಗುಂಡು ಹಾರಿಸ್ತಾರೆ."

"ಹೌದಾ," ಅಂದರು. "ಬೆಳಗ್ಗೆಯಿಂದ ಬಂದೋರೆಲ್ಲ ಗಂಡಸರೇ. ಸರಿ, ಈ ಚಳೀಲಿ ಒಲೆ ಎಲ್ಲಿ ಹಚ್ತಾರಂತೆ?"

ಕೇಳಿದೆ. "ಟೆಂಟಿನ ಒಳಗೇ," ಅಂದ ರೈತ. "ನಮಗೆಲ್ಲ ವಯಸ್ಸಾಯಿತು."

ಅತ್ತೆ ನೈಲಾನನ್ನು ಎರಡು ಬೆರಳಲ್ಲಿ ಹೊಸಕಿ ನೋಡಿ ಮೂಗು ಮುರಿದರು. "ಇದು ನೈಲಾನ್ ಸೀರೆ ಬಟ್ಟೇನೇ ಅಲ್ವಾ? ನಮ್ಮ ಬೀದೀಲಿ ಒಬ್ಬಳು ಹೊಸ ಫ್ಯಾಷನ್ನು ಅಂತ ಇದನ್ನೇ ಉಟ್ಕೊಂಡು ಬೋಂಡಾ ಕರಿಯೋಕೆ ಕೂತ್ಲು. ಸೆರಗಿಗೆ ಕಿಡಿ ತಾಗಿದ್ದೇ ಸರ್ರಂತ ಕರಗಿ ಹತ್ಕೊಂಡ್ತು. ಪುಣ್ಯಕ್ಕೆ ಸೀರೆ ಕಿತ್ತೆಸೆದು ಬರೀ ಲಂಗದಲ್ಲಿ ಬೀದಿಗೆ ಓಡಿ ಬಂದ್ಲು. ಒಲೆ ಮುಂದೆ ಯಾವತ್ತಿದ್ರೂ ನೂಲಿನ ಬಟ್ಟೆ ಅಂತ ಹೇಳಿ ಅವರಿಗೆ."

ಲಂಗದ ಸಮೇತ ಅನುವಾದಿಸಿದೆ. ರೈತ ನೈಲಾನಿನಿಂದ ಕೈ ತೆಗೆದ. "ಆ ಹೆಂಗಸಿಗೆ ಏನಾಯಿತು?" ಅಂತ ಗಾಬರಿಯಿಂದ ಕೇಳಿದ.

"ಏನಾಗತ್ತೆ," ಅಂದರು ಅತ್ತೆ. "ಅವತ್ತಿಂದ ಬೀದಿ ಗಂಡಸರಿಗೆಲ್ಲ ಅವರ ಮನೆ ಬೋಂಡಾನೇ ರುಚಿ."

ರೈತ ಬಂದೂಕು ಅಲುಗಾಡುವ ಹಾಗೆ ನಕ್ಕ. ಕ್ಯಾನ್ವಾಸೇ ತಗೊಂಡ, ಅವನ ಗುಂಪಿನವರೂ ಬಂದು ತಗೊಂಡರು, ವಾರದೊಳಗೆ ಗೋಡೌನು ಖಾಲಿ. ಹೊರಡುವಾಗ ಅತ್ತೆ ಅವನಿಗೆ, "ಎಲ್ಲ ನಿರ್ವಿಘ್ನವಾಗಿ ನಡೀಲಿ," ಅಂತ ಆಶೀರ್ವಾದ ಮಾಡಿದರು. ಅವನು ಟೋಪಿ ತೆಗೆದು, "ಬೇಟೆಯಲ್ಲಿ ಅಮ್ಮನ ಪಾಲು ಮನೆಗೇ ತಲುಪಿಸುತ್ತೇನೆ," ಅಂದ. ಅದನ್ನು ಮಾತ್ರ ನಾನು ಅನುವಾದಿಸಲಿಲ್ಲ.

ಯಜಮಾನನನ್ನು ಕೇಳಿದೆ, "ಹಾಗಾದರೆ ವಿಭಾಗ ಉಳಿಯಿತಾ?"

"ಉಳಿಯಿತು," ಅಂದ. "ಆದರೆ ಇನ್ನು ಮೇಲೆ ವಿಭಾಗ ಅಂದರೆ ಆಕೆ. ಶನಿವಾರ ಶನಿವಾರ ಕರೆದುಕೊಂಡು ಬಾ, ನೀನೂ ಇರಬಹುದು."

ಮದುವೆ ಫೋಟೋ

ಮಗು ಹುಟ್ಟಿತು, ಹೆಣ್ಣು. ಅತ್ತೆ ವಾರವೆಲ್ಲ ಬಾಣಂತನ, ಶನಿವಾರ ಅಂಗಡಿ. ಈಗ ಅವರಿಗೆ ನಿಜ ಗೊತ್ತಾದರೆ ಎಣ್ಣೆ ನೀರೂ ಹೋಯಿತು, ನನ್ನ ಕೆಲಸವೂ ಹೋಯಿತು. ನಾನು ದೇವರಿಗೆ ದಿನಾ ಕೈ ಮುಗಿಯುತ್ತಿದ್ದೆ.

ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಗಿಲ್‌ರಾಯ್ ರೈತ. ಒಂದು ಕೈಯಲ್ಲಿ ಕಂದು ಕಾಗದದಲ್ಲಿ ಸುತ್ತಿದ ತಣ್ಣನೆಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಫೋಟೋ. ಯಜಮಾನನೇ ಅಡ್ರೆಸ್ಸು ಕೊಟ್ಟಿದ್ದನಂತೆ. "ಅಮ್ಮನ ಪಾಲು," ಅಂತ ಪೊಟ್ಟಣ ಚಾಚಿದ. ನಾನು ಕೈ ನೀಡುವ ಮೊದಲೇ ಅತ್ತೆ ಸೆರಗಿನಲ್ಲಿ ಇಸಿದುಕೊಂಡು, ಒಳಗೆ ತರದೆ, ನೇರವಾಗಿ ಆಚೆ ಬಾಲ್ಕನಿಯಲ್ಲಿಟ್ಟು ಕೈ ತೊಳೆದುಕೊಂಡು ಬಂದರು. ಮೊಟ್ಟೆ ಹಾಕಿದ ಕೇಕು ಅಂದುಕೊಂಡಿರಬೇಕು ಅಂತ ನನಗೆ ಹೋದ ಜೀವ ಬಂತು. ರೈತನನ್ನು ಕೂರಿಸಿ ಕಾಫಿ, ಕೋಡುಬಳೆ ಕೊಟ್ಟರು. ಬಂದವರನ್ನು ಬರಿಗೈಲಿ ಕಳಿಸಬಾರದು ಅಂತ ಒಂದು ಡಬ್ಬಿ ಕೊಬ್ಬರಿ ಮಿಠಾಯಿಯನ್ನೂ ಕಟ್ಟಿಕೊಟ್ಟರು. ಅವನು ತಿನ್ನುತ್ತಲೇ ಹೋದ.

ಅವನು ಹೋದ ಮೇಲೆ, "ಎಲ್ಲಿ, ಮದುವೆ ಫೋಟೋ ಕೊಡಿ," ಅಂದರು.

ಬಚ್ಚಿಡಲು ಜಾಗವಿರಲಿಲ್ಲ. ಫೋಟೋದಲ್ಲಿ ಹಿಮ, ನಡುವೆ ನೆಟ್ಟಗೆ ನಿಂತ ನಮ್ಮ ಕ್ಯಾನ್ವಾಸ್ ಟೆಂಟು, ಮೇಲೆ ಒಲೆಯ ಹೊಗೆ. ಮುಂದೆ ಸಾಲಾಗಿ ನಗುತ್ತ ನಿಂತ ಗಡ್ಡದ ಗಂಡಸರು. ಅವರ ನಡುವೆ ಕಂಬಕ್ಕೆ ನೇತುಹಾಕಿದ, ಕೊಂಬೆಕೊಂಬೆಯಾಗಿ ಕೊಂಬು ಬಿಟ್ಟ ದೊಡ್ಡ ಗಂಡು ಜಿಂಕೆ.

ಹೆಂಡತಿ ಮಗುವನ್ನೆತ್ತಿಕೊಂಡು ಒಳಕೋಣೆಗೆ ಸರಿದಳು. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಟೆಂಟು ಚೆನ್ನಾಗಿ ನಿಂತಿದೆ," ಅಂದರು. "ಹೆಣ್ಣು ಕಾಣ್ತಾ ಇಲ್ಲವಲ್ಲ?"

"ಒಳಗಿದಾಳೆ ಅತ್ತೆ," ಅಂದೆ. "ಅಲಂಕಾರ ಆಗ್ತಿದೆ."

"ಹ್ಞಾಂ," ಅಂದರು. ಫೋಟೋವನ್ನು ನನ್ನ ಕೈಗೆ ವಾಪಸು ಕೊಡುತ್ತ ಜಿಂಕೆಯ ಮೇಲೆ ಬೆರಳಿಟ್ಟರು.

"ಹಾಗಾದ್ರೆ ಗಂಡು ಇವನೇ ಇರ್ಬೇಕು ಅಳಿಯಂದಿರೇ. ಬಾಸಿಂಗ ಭರ್ಜರಿಯಾಗಿದೆ."